ಮಹಮ್ಮದ್ ಅಲಿಯ ಮಾತು ನಿಧಾನವಾದದ್ದು ಯಾವಾಗ?

1996ರ ಜುಲೈ ತಿಂಗಳಲ್ಲಿ ಅಮೆರಿಕದ ಅಟ್ಲಾಂಟಾ ನಗರದಲ್ಲಿ ಒಲಿಂಪಿಕ್ ಕ್ರೀಡಾಕೂಟ ಆರಂಭವಾದಾಗ ಜ್ಯೋತಿ ಬೆಳಗಿಸುವವರು ಯಾರು ಎಂಬುದು ಕೊನೆಯ ಗಳಿಗೆಯವರೆಗೂ ಗುಟ್ಟಾಗಿತ್ತು. ಬಂದವರು ಮಹಮ್ಮದ್ ಅಲಿ. ಕೈಯಲ್ಲಿ ಪಂಜು ಇತ್ತು. ಮುಖದಲ್ಲಿ ಯಾವ ಭಾವನೆಯೂ ಕಾಣಲಿಲ್ಲ. ತೋಳು ಒಂದೇ ಸಮನೆ ನಡುಗುತ್ತಿತ್ತು. ಟೀವಿಯ ಮುಂದೆ ಕುಳಿತಿದ್ದ ಕೋಟ್ಯಂತರ ಜನರಿಗೆ ಅವರ ಕಾಯಿಲೆ ಕಣ್ಣಿಗೆ ಬಿದ್ದದ್ದು ಅಂದು. ಆದರೆ ಕಾಯಿಲೆಗೆ ವೈದ್ಯರು ಹೆಸರಿಟ್ಟು ಆಗಲೇ 12 ವರ್ಷವಾಗಿತ್ತು. ಅದರ ಗುರುತುಗಳು ಕಾಣಿಸಿಕೊಂಡದ್ದು ಅದಕ್ಕೂ ಮೊದಲು.

ಒಬ್ಬ ಕ್ರೀಡಾಪಟುವಿನ ಕಥೆ ಆರೋಗ್ಯದ ಅಂಕಣದಲ್ಲಿ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ಲಕ್ಷಾಂತರ ಜನರ ಕಣ್ಣೆದುರಿಗೇ ಒಬ್ಬ ಮನುಷ್ಯನ ನರಮಂಡಲ ಸೋಲುತ್ತಾ ಬಂದರೂ ಹೆಚ್ಚಿನವರಿಗೆ ಅದು ಕಾಣಲಿಲ್ಲ. ಕಂಡವರು ಹೇಳಿದ್ದನ್ನು ಕೇಳಿಸಿಕೊಳ್ಳುವವರು ಇರಲಿಲ್ಲ. ನಮ್ಮ ಮನೆಗಳಲ್ಲಿಯೂ ನಡೆಯುವುದು ಇದೇ.

ಕಳುವಾದ ಸೈಕಲ್ಲು

ಅಲಿ ಹುಟ್ಟಿದ್ದು 1942ರ ಜನವರಿ 17ರಂದು, ಕೆಂಟಕಿ ರಾಜ್ಯದ ಲೂಯಿವಿಲ್ ಊರಿನಲ್ಲಿ. ತಂದೆತಾಯಿ ಇಟ್ಟ ಹೆಸರು ಕ್ಯಾಶಿಯಸ್ ಕ್ಲೇ. ತಂದೆ ಬೋರ್ಡು ಬರೆಯುವ ಪೇಂಟರು, ತಾಯಿ ಮನೆಗೆಲಸಕ್ಕೆ ಹೋಗುತ್ತಿದ್ದವರು. ಹನ್ನೆರಡನೆಯ ವಯಸ್ಸಿನಲ್ಲಿ ಹುಡುಗನ ಸೈಕಲ್ಲು ಕಳುವಾಯಿತು. ಕಳ್ಳನನ್ನು ಹಿಡಿದು ಚಚ್ಚುತ್ತೇನೆ ಎಂದು ಅಳುತ್ತಾ ಪೊಲೀಸಿನವರ ಬಳಿ ಹೋದ. ಅಲ್ಲಿದ್ದ ಪೊಲೀಸ್ ಜೋ ಮಾರ್ಟಿನ್ ಬಿಡುವಿನಲ್ಲಿ ಹುಡುಗರಿಗೆ ಬಾಕ್ಸಿಂಗ್ ಕಲಿಸುತ್ತಿದ್ದವರು. ಹೊಡೆಯುವುದಕ್ಕೆ ಮೊದಲು ಹೊಡೆಯುವುದನ್ನು ಕಲಿ ಎಂದು ಅವರೇ ಅಖಾಡಕ್ಕೆ ಇಳಿಸಿದರು.

1960ರಲ್ಲಿ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಬಂತು. ಆಗ ವಯಸ್ಸು 18. 1964ರ ಫೆಬ್ರುವರಿಯಲ್ಲಿ, 22ರ ಹರೆಯದಲ್ಲಿ, ಎಲ್ಲರೂ ಹೆದರುತ್ತಿದ್ದ ಸೋನಿ ಲಿಸ್ಟನ್‌ರನ್ನು ಸೋಲಿಸಿ ಹೆವಿವೇಟ್ ವಿಶ್ವ ಚಾಂಪಿಯನ್ ಆದರು. ಅದೇ ವರ್ಷ ಮಹಮ್ಮದ್ ಅಲಿ ಎಂಬ ಹೆಸರು ಪಡೆದರು. ಅಷ್ಟು ಎತ್ತರದ, ಅಷ್ಟು ತೂಕದ ಮನುಷ್ಯ ಅಷ್ಟು ಹಗುರವಾಗಿ ಓಡಾಡಿದ್ದನ್ನು ಬಾಕ್ಸಿಂಗ್ ಲೋಕ ಅದುವರೆಗೆ ನೋಡಿರಲಿಲ್ಲ. ಎದುರಾಳಿಯ ಮುಷ್ಟಿ ಬರುವಷ್ಟರಲ್ಲಿ ಅವರ ತಲೆ ಅಲ್ಲಿಂದ ಜಾರಿರುತ್ತಿತ್ತು. ಕಾಲಿನಷ್ಟೇ ನಾಲಿಗೆಯೂ ಚುರುಕು. ಪ್ರಾಸ ಕಟ್ಟಿ ಹಂಗಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

1967ರಲ್ಲಿ ವಿಯೆಟ್ನಾಂ ಯುದ್ಧಕ್ಕಾಗಿ ಸೇನೆ ಸೇರಲು ಅವರು ನಿರಾಕರಿಸಿದರು. ಪದವಿ ಹೋಯಿತು. ಐದು ವರ್ಷ ಸೆರೆವಾಸ ಮತ್ತು ಹತ್ತು ಸಾವಿರ ಡಾಲರ್ ದಂಡದ ಶಿಕ್ಷೆಯಾಯಿತು. ಮೇಲ್ಮನವಿ ಇದ್ದುದರಿಂದ ಜೈಲಿಗೆ ಹೋಗಲಿಲ್ಲ. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಶಿಕ್ಷೆಯನ್ನು ರದ್ದು ಮಾಡಿತು. ಆದರೆ ಆಟಗಾರನ ಬಾಳಿನ ಅತ್ಯುತ್ತಮ ಮೂರೂವರೆ ವರ್ಷ ಕಳೆದುಹೋಗಿತ್ತು.

ತಡೆದುಕೊಳ್ಳುವ ಶಕ್ತಿ

1970ರಲ್ಲಿ ಮರಳಿ ಬಂದ ಅಲಿಯ ಕಾಲುಗಳಲ್ಲಿ ಹಳೆಯ ವೇಗ ಇರಲಿಲ್ಲ. ಪೆಟ್ಟು ತಪ್ಪಿಸಿಕೊಳ್ಳುವುದು ಕಷ್ಟವಾದಾಗ ಪೆಟ್ಟು ತಡೆದುಕೊಳ್ಳುವ ವಿದ್ಯೆ ಕಲಿತರು. 1971ರಲ್ಲಿ ಜೋ ಫ್ರೇಜಿಯರ್ ಎದುರು 15 ಸುತ್ತು ಆಡಿ ಸೋತರು. 1973ರಲ್ಲಿ ಕೆನ್ ನಾರ್ಟನ್ ಹೊಡೆತಕ್ಕೆ ದವಡೆ ಮುರಿಯಿತು. 1974ರ ಅಕ್ಟೋಬರ್ 30ರಂದು ಆಫ್ರಿಕಾದ ಕಿನ್ಶಾಸಾದಲ್ಲಿ ಅಜೇಯ ಜಾರ್ಜ್ ಫೋರ್‌ಮನ್ ಎದುರು ಹಗ್ಗಕ್ಕೆ ಒರಗಿ ನಿಂತು, ಅವರು ಹೊಡೆದು ಹೊಡೆದು ಸುಸ್ತಾಗುವವರೆಗೆ ಕಾದು, ಎಂಟನೆಯ ಸುತ್ತಿನಲ್ಲಿ ಕೆಡವಿದರು. ಜಗತ್ತು ಕುಣಿಯಿತು. ಆದರೆ ವೈದ್ಯನ ಕಣ್ಣಿನಿಂದ ನೋಡಿದರೆ, ಗೆದ್ದ ಪಂದ್ಯದಲ್ಲಿಯೂ ಬಿದ್ದ ಪೆಟ್ಟು ಪೆಟ್ಟೇ.

1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಫ್ರೇಜಿಯರ್ ಜೊತೆ ಮೂರನೆಯ ಪಂದ್ಯ. ಹದಿನಾಲ್ಕು ಸುತ್ತು ಇಬ್ಬರೂ ಜಜ್ಜಿಕೊಂಡರು. ಫ್ರೇಜಿಯರ್ ಅವರ ಕಣ್ಣುಗಳು ಊದಿ ಮುಚ್ಚಿದ್ದವು. ಅವರ ತರಬೇತುದಾರ ಎಡ್ಡಿ ಫಚ್, ಶಿಷ್ಯ ಬೇಡವೆಂದರೂ ಕೇಳದೆ ಪಂದ್ಯ ನಿಲ್ಲಿಸಿದರು. ಅಂದು ಸೋತವರಿಗೆ 'ಸಾಕು' ಎನ್ನುವವರಿದ್ದರು.

ಅಲಿಗೂ ಹೇಳಿದವರಿದ್ದರು. ಬಹುಕಾಲ ಅವರ ವೈದ್ಯರಾಗಿದ್ದವರು ಫರ್ಡಿ ಪಚೇಕೊ. 1977ರಲ್ಲಿ ಅರ್ನಿ ಶೇವರ್ಸ್ ಜೊತೆಗಿನ ಪಂದ್ಯದ ನಂತರ ಬಂದ ಪ್ರಯೋಗಾಲಯದ ವರದಿಯಲ್ಲಿ ಅಲಿಯ ಮೂತ್ರಪಿಂಡಗಳಿಗೆ ಹಾನಿಯಾಗಿರುವುದು ಕಂಡಿತು. ಅವರು ಅಲಿಗೆ, ಅವರ ಪತ್ನಿಗೆ, ವ್ಯವಸ್ಥಾಪಕರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ವೈದ್ಯರು ಬಳಗವನ್ನು ಬಿಟ್ಟು ಹೋದರು, ಪಂದ್ಯಗಳು ನಿಲ್ಲಲಿಲ್ಲ. 1978ರಲ್ಲಿ ಲಿಯಾನ್ ಸ್ಪಿಂಕ್ಸ್ ಎದುರು ಪದವಿ ಕಳೆದುಕೊಂಡು ಅದೇ ವರ್ಷ ಮರಳಿ ಗೆದ್ದು, ಮೂರು ಬಾರಿ ಹೆವಿವೇಟ್ ಪದವಿ ಗೆದ್ದ ಮೊದಲಿಗರಾದರು.

1980ರಲ್ಲಿ ಲ್ಯಾರಿ ಹೋಮ್ಸ್ ಜೊತೆಗಿನ ಪಂದ್ಯಕ್ಕೆ ಮುನ್ನ ಹೆಸರಾಂತ ಆಸ್ಪತ್ರೆಯೊಂದರಲ್ಲಿ ಅಲಿಯನ್ನು ಪರೀಕ್ಷಿಸಿದಾಗ, ಬೆರಳನ್ನು ಮೂಗಿನ ತುದಿಗೆ ಮುಟ್ಟಿಸುವಲ್ಲಿ ಸ್ವಲ್ಪ ಗುರಿ ತಪ್ಪುತ್ತಿತ್ತು. ಒಂಟಿಕಾಲಿನ ಕುಪ್ಪಳಿಕೆಯಲ್ಲಿ ನಿರೀಕ್ಷಿಸಿದಷ್ಟು ಚುರುಕಿರಲಿಲ್ಲ. ಆದರೂ ಪಂದ್ಯಕ್ಕೆ ಅನುಮತಿ ಸಿಕ್ಕಿತು. ಹತ್ತು ಸುತ್ತು ಏಕಪಕ್ಷೀಯವಾಗಿ ಪೆಟ್ಟು ತಿಂದ ಮೇಲೆ ತರಬೇತುದಾರ ಏಂಜೆಲೊ ಡಂಡಿ ನಿಲ್ಲಿಸಿದರು. 1981ರ ಡಿಸೆಂಬರ್‌ನಲ್ಲಿ ಬಹಾಮಾಸ್‌ನಲ್ಲಿ ಕೊನೆಯ ಪಂದ್ಯ ಆಡಿ ಸೋತರು. ಒಟ್ಟು 61 ಪಂದ್ಯ, 56 ಗೆಲುವು, 5 ಸೋಲು. 1984ರಲ್ಲಿ, 42ನೆಯ ವಯಸ್ಸಿನಲ್ಲಿ, ಪಾರ್ಕಿನ್ಸನ್ ಲಕ್ಷಣಗಳಿವೆ ಎಂದು ನ್ಯೂಯಾರ್ಕಿನ ವೈದ್ಯರು ತಿಳಿಸಿದರು.

ಇನ್ನೊಂದು ವಿಷಯ ಬೆಳಕಿಗೆ ಬಂದದ್ದು 2017ರಲ್ಲಿ. ಅಮೆರಿಕದ ಅರಿಜೋನಾದ ವಿಜ್ಞಾನಿಗಳು ಅಲಿಯ ಹಳೆಯ ಟೀವಿ ಸಂದರ್ಶನಗಳನ್ನು ಕೂಡಿಸಿ ಮಾತಿನ ವೇಗವನ್ನು ಅಳೆದರು. 1968ರಿಂದ 1981ರ ನಡುವೆ ಅದು ಶೇಕಡಾ 26ರಷ್ಟು ಕುಗ್ಗಿತ್ತು. ಎಂದರೆ, ಕಾಯಿಲೆಗೆ ಹೆಸರು ಬರುವ ಎಷ್ಟೋ ವರ್ಷ ಮೊದಲೇ ಆ ಚುರುಕು ನಾಲಿಗೆ ಸುದ್ದಿ ಹೇಳುತ್ತಿತ್ತು!

ಪಾರ್ಕಿನ್ಸನ್ ಕಾಯಿಲೆ ಎಂದರೇನು?

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದನ್ನು ವಿವರವಾಗಿ ವರ್ಣಿಸಿದರು. ಆಯುರ್ವೇದದಲ್ಲಿ ಕಂಪವಾತ ಎಂದು ಹೇಳುವುದು ಇದಕ್ಕೆ ಹತ್ತಿರದ್ದು. ನಮ್ಮ ಮಿದುಳಿನ ಬುಡದಲ್ಲಿ ಕಪ್ಪು ಬಣ್ಣದ ಒಂದು ಪುಟ್ಟ ಭಾಗವಿದೆ. ಅಲ್ಲಿನ ನರಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಚಲನೆ ಸರಾಗವಾಗಿ ಆರಂಭವಾಗಲು, ಹದವಾಗಿ ಸಾಗಲು ಇದು ಬೇಕೇ ಬೇಕು. ಬಾಗಿಲ ಕೀಲಿಗೆ ಎಣ್ಣೆ ಇದ್ದಂತೆ ಎಂದುಕೊಳ್ಳಿ. ಈ ಕೋಶಗಳು ಒಂದೊಂದಾಗಿ ನಾಶವಾಗುತ್ತಾ, ಸುಮಾರು ಅರ್ಧದಷ್ಟು ಹೋದ ಮೇಲೆ ಲಕ್ಷಣಗಳು ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತವೆ. ಮುಖ್ಯ ಲಕ್ಷಣಗಳು ಮೂರು: ನಡುಕ, ಸ್ನಾಯುಗಳ ಬಿಗಿತ, ಚಲನೆಯಲ್ಲಿ ನಿಧಾನ. ಮುಂದೆ ದೇಹದ ಸಮತೋಲವೂ ತಪ್ಪುತ್ತದೆ.

ನಡುಕವೆಲ್ಲ ಪಾರ್ಕಿನ್ಸನ್ ಅಲ್ಲ. ಕಾಫಿ ಲೋಟ ಎತ್ತುವಾಗ, ಬರೆಯುವಾಗ ಎರಡೂ ಕೈ ನಡುಗುವುದು ಹೆಚ್ಚಾಗಿ ಬೇರೆ ಬಗೆಯದು. ಅದು ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ಬರುತ್ತದೆ. ಪಾರ್ಕಿನ್ಸನ್ ನಡುಕ ಸಾಮಾನ್ಯವಾಗಿ ಕೈ ತೊಡೆಯ ಮೇಲೆ ಸುಮ್ಮನಿರುವಾಗ, ಒಂದು ಕಡೆಯಿಂದ ಶುರುವಾಗುತ್ತದೆ. ಕೆಲವರಲ್ಲಿ ನಡುಕವೇ ಇರುವುದಿಲ್ಲ.

ಪೆಟ್ಟೇ ಕಾರಣವೇ?

ಮಿದುಳು ಗಟ್ಟಿ ಮೊಸರಿನಷ್ಟು ಮೆತ್ತಗಿರುವ ಅಂಗ. ಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುತ್ತದೆ. ದವಡೆಗೆ ಬಿದ್ದ ಗುದ್ದಿಗೆ ತಲೆ ಗಿರ್ರನೆ ತಿರುಗಿದಾಗ ಒಳಗಿನ ಸೂಕ್ಷ್ಮ ನರತಂತುಗಳು ಎಳೆದಂತಾಗುತ್ತವೆ. ಇದು ವರ್ಷಗಟ್ಟಲೆ ಮರುಕಳಿಸಿದರೆ ಮಾತು ತೊದಲುವುದು, ನಡಿಗೆ ತೂರಾಡುವುದು, ಮರೆವು ಬರುವುದು ಉಂಟು. ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಇದನ್ನು 1928ರಲ್ಲೇ ಬಾಕ್ಸರ್‌ಗಳಲ್ಲಿ ಗುರುತಿಸಿದ್ದರು. ತಲೆಗೆ ಹಾಕುವ ಕವಚ ಚರ್ಮ ಹರಿಯುವುದನ್ನು ತಡೆಯುತ್ತದೆಯೇ ಹೊರತು ಮಿದುಳಿನ ಈ ಕುಲುಕಾಟವನ್ನು ಪೂರ್ತಿಯಾಗಿ ತಡೆಯಲಾರದು.

ಅಲಿಯ ವಿಷಯದಲ್ಲಿ ವೈದ್ಯರಲ್ಲೇ ಎರಡು ಮತವಿದೆ. 1984ರಲ್ಲಿ ಪರೀಕ್ಷಿಸಿದ ನರತಜ್ಞರು ಪೆಟ್ಟುಗಳ ಪಾತ್ರವನ್ನು ಶಂಕಿಸಿದ್ದರು. ಮುಂದೆ ಬಹುಕಾಲ ಅವರನ್ನು ಕಂಡ ನರತಜ್ಞರು 2022ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಇದು ಚಿಕ್ಕ ವಯಸ್ಸಿನಲ್ಲಿ ಆರಂಭವಾದ ಸಹಜ ಪಾರ್ಕಿನ್ಸನ್ ಕಾಯಿಲೆಯೇ ಎಂದಿದ್ದಾರೆ. ಲಕ್ಷಣಗಳು ದೇಹದ ಒಂದು ಕಡೆ ಹೆಚ್ಚಾಗಿದ್ದದ್ದು, ಲೆವೊಡೋಪಾ ಔಷಧಿಯಿಂದ ಗುಣ ಕಂಡದ್ದು, ದಶಕಗಳ ಕಾಲ ನಿಧಾನವಾಗಿ ಮುಂದುವರಿದದ್ದು ಇದಕ್ಕೆ ಆಧಾರ. ಬಾಕ್ಸಿಂಗ್ ಆಡದ ಲಕ್ಷಾಂತರ ಜನರಿಗೂ ಈ ಕಾಯಿಲೆ ಬರುತ್ತದೆ ಎಂಬುದು ನಿಜ. ತಲೆಗೆ ಬಲವಾದ ಪೆಟ್ಟು ಬಿದ್ದವರಲ್ಲಿ ಇದರ ಸಂಭವ ಹೆಚ್ಚು ಎಂಬುದೂ ನಿಜ. ಕಾರಣ ಯಾವುದೇ ಇರಲಿ, ಮಾತು ನಿಧಾನವಾಗುತ್ತಿದ್ದ ಮನುಷ್ಯ ಇನ್ನೂ ತಲೆಗೆ ಪೆಟ್ಟು ತಿನ್ನುವುದು ಸರಿಯಲ್ಲ ಎನ್ನುವುದರಲ್ಲಿ ಎರಡು ಮತವಿಲ್ಲ.

ಮನೆಯವರು ಗಮನಿಸಬೇಕಾದ ಗುರುತುಗಳು

ಈ ಕಾಯಿಲೆಯನ್ನು ಮೊದಲು ಕಾಣುವವರು ರೋಗಿಯಲ್ಲ, ಜೊತೆಗಿರುವವರು. ಇವುಗಳನ್ನು ನೆನಪಿಡಿ:

1. ಕೈಬರಹ ಬರಬರುತ್ತಾ ಸಣ್ಣದಾಗುವುದು. ಸಹಿ ಹೊಂದುವುದಿಲ್ಲವೆಂದು ಬ್ಯಾಂಕಿನವರು ಚೆಕ್ ಹಿಂದಿರುಗಿಸಬಹುದು.

2. ದನಿ ಮೆತ್ತಗಾಗುವುದು. ಮನೆಮಂದಿ ಪದೇ ಪದೇ 'ಏನಂದಿರಿ?' ಎಂದು ಕೇಳಬೇಕಾಗುವುದು.

3. ಮುಖ ಬೊಂಬೆಯಂತಾಗುವುದು, ಕಣ್ಣು ಮಿಟುಕಿಸುವುದು ಕಡಿಮೆಯಾಗುವುದು. ನೋಡಿದವರಿಗೆ ಕೋಪವೋ ಬೇಸರವೋ ಎನ್ನಿಸುತ್ತದೆ.

4. ನಡೆಯುವಾಗ ಒಂದು ಕೈ ಬೀಸದಿರುವುದು, ಹೆಜ್ಜೆ ಎಳೆಯುವುದು.

5. ಅಂಗಿಯ ಗುಂಡಿ ಹಾಕಲು, ಅನ್ನ ಕಲಸಲು, ಮಗ್ಗುಲು ಬದಲಿಸಲು ತಡವಾಗುವುದು.

6. ಒಂದೇ ಭುಜದ ನೋವು, ಬಿಗಿತ. ಎಷ್ಟೋ ಜನ ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು ಆಮೇಲೆ ಬರುತ್ತಾರೆ.

7. ಒಗ್ಗರಣೆಯ ವಾಸನೆ ತಿಳಿಯದಿರುವುದು, ಬಿಡದ ಮಲಬದ್ಧತೆ, ನಿದ್ದೆಯಲ್ಲಿ ಕೂಗಿ ಕೈಕಾಲು ಝಾಡಿಸುವುದು. ಇವು ನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ಬರಬಹುದು.

ಇವುಗಳಲ್ಲಿ ಒಂದಿದ್ದ ಮಾತ್ರಕ್ಕೆ ಹೆದರಬೇಕಿಲ್ಲ. ಎರಡು ಮೂರು ಸೇರಿದ್ದರೆ, ದಿನೇ ದಿನೇ ಹೆಚ್ಚುತ್ತಿದ್ದರೆ ವೈದ್ಯರಿಗೆ ತೋರಿಸಿ. ರೋಗಿ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಜೊತೆಯಲ್ಲಿ ಒಯ್ಯಿರಿ. ತಲೆಸುತ್ತಿಗೆ, ವಾಂತಿಗೆ, ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಔಷಧಿಗಳು ಇದೇ ಲಕ್ಷಣಗಳನ್ನು ತರಬಲ್ಲವು. ವೈದ್ಯರು ಅಂಥ ಔಷಧಿಯನ್ನು ಬದಲಿಸಿದರೆ ಬಹಳ ಮಂದಿ ಸುಧಾರಿಸುತ್ತಾರೆ.

ಚಿಕಿತ್ಸೆ ಇದೆಯೇ?

ಕಾಯಿಲೆಯನ್ನು ಬುಡಸಮೇತ ಕಿತ್ತೊಗೆಯುವ ಔಷಧಿ ಇಲ್ಲ. ಆದರೆ ಲಕ್ಷಣಗಳನ್ನು ಹತೋಟಿಯಲ್ಲಿಟ್ಟು ವರ್ಷಾನುವರ್ಷ ಚೆನ್ನಾಗಿ ಬಾಳುವಂತೆ ಮಾಡುವ ಔಷಧಿಗಳಿವೆ. 1960ರ ದಶಕದಲ್ಲಿ ಬಳಕೆಗೆ ಬಂದ ಲೆವೊಡೋಪಾ ಇಂದಿಗೂ ಅವುಗಳಲ್ಲಿ ಮುಖ್ಯವಾದದ್ದು. ಇದು ಮಿದುಳಿಗೆ ಹೋಗಿ ಡೋಪಮೈನ್ ಆಗಿ ಬದಲಾಗುತ್ತದೆ. ಮಾತ್ರೆಯನ್ನು ಗಡಿಯಾರ ನೋಡಿ ತೆಗೆದುಕೊಳ್ಳಬೇಕು. ಬೇಳೆ, ಹಾಲು, ಮೊಟ್ಟೆಗಳಲ್ಲಿರುವ ಪ್ರೋಟೀನು ಇದು ರಕ್ತಕ್ಕೆ ಸೇರುವುದಕ್ಕೆ ಅಡ್ಡಿಯಾಗುವುದರಿಂದ, ಸಾಧ್ಯವಿದ್ದರೆ ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳುವುದು ಒಳ್ಳೆಯದು. ಮಾತ್ರೆಯನ್ನು ಥಟ್ಟನೆ ನಿಲ್ಲಿಸಲೇಬಾರದು. ಅದು ಪ್ರಾಣಕ್ಕೆ ಅಪಾಯ.

ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ. ಆದರೆ ಪುಡಿಯ ಒಂದು ಚಮಚೆಯಲ್ಲಿ ಎಷ್ಟಿದೆ ಎಂಬ ಲೆಕ್ಕ ಸಿಗುವುದಿಲ್ಲ. ಮಾತ್ರೆಯ ಜೊತೆ ಅದನ್ನೂ ಸೇವಿಸಿದರೆ ಪ್ರಮಾಣ ಮೀರಬಹುದು. ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಔಷಧಿಯಷ್ಟೇ ಮುಖ್ಯ ವ್ಯಾಯಾಮ. ದಿನವೂ ನಡಿಗೆ, ಕೀಲುಗಳನ್ನು ಆಡಿಸುವುದು, ಪತ್ರಿಕೆಯನ್ನು ಗಟ್ಟಿಯಾಗಿ ಓದಿ ದನಿಯನ್ನು ಪಳಗಿಸುವುದು ನೆರವಾಗುತ್ತವೆ. ಬಚ್ಚಲಿನಲ್ಲಿ ಹಿಡಿಕೆ ಹಾಕಿಸಿ, ಜಾರುವ ಚಾಪೆಗಳನ್ನು ತೆಗೆಯಿರಿ. ನೀರು ಕುಡಿಯುವಾಗ ಕೆಮ್ಮು ಬಂದರೆ ಅಲಕ್ಷ್ಯ ಬೇಡ. ಆಹಾರ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಔಷಧಿಯ ಫಲ ಏರುಪೇರಾಗುತ್ತಿರುವ ಕೆಲವರಿಗೆ ಮಿದುಳಿನೊಳಗೆ ವಿದ್ಯುತ್ ತಂತಿ ಇಡುವ ಶಸ್ತ್ರಚಿಕಿತ್ಸೆ ಉಪಯೋಗವಾಗುತ್ತದೆ.

ಅಲಿ ಈ ಕಾಯಿಲೆಯೊಡನೆ 32 ವರ್ಷ ಬಾಳಿದರು. 1990ರಲ್ಲಿ ಇರಾಕಿಗೆ ಹೋಗಿ ಒತ್ತೆಯಲ್ಲಿದ್ದ 15 ಅಮೆರಿಕನ್ನರನ್ನು ಬಿಡಿಸಿ ತಂದರು. 1997ರಲ್ಲಿ ಫೀನಿಕ್ಸ್ ನಗರದಲ್ಲಿ ಅವರ ಹೆಸರಿನ ಪಾರ್ಕಿನ್ಸನ್ ಚಿಕಿತ್ಸಾ ಕೇಂದ್ರ ಆರಂಭವಾಯಿತು. ನಡುಗುವ ಕೈಯನ್ನು ಜನರಿಂದ ಮರೆಮಾಚಲಿಲ್ಲ. 2016ರ ಜೂನ್ 3ರಂದು, 74ನೆಯ ವಯಸ್ಸಿನಲ್ಲಿ, ರಕ್ತಕ್ಕೆ ಹರಡಿದ ಸೋಂಕಿನಿಂದ ತೀರಿಕೊಂಡರು.

ಓದುಗರಲ್ಲಿ ಎರಡು ವಿನಂತಿ. ಮಕ್ಕಳು ಆಟದಲ್ಲಿ ತಲೆಗೆ ಪೆಟ್ಟಾಗಿ ಮಂಕಾದರೆ, ವಾಂತಿ ಮಾಡಿದರೆ, ನಡೆದದ್ದನ್ನು ಮರೆತರೆ 'ಗಟ್ಟಿ ಹುಡುಗ, ತಡೆದುಕೊಳ್ಳುತ್ತಾನೆ' ಎಂದು ಅಂದೇ ಮತ್ತೆ ಮೈದಾನಕ್ಕೆ ಕಳಿಸಬೇಡಿ, ವೈದ್ಯರಿಗೆ ತೋರಿಸಿ. ಸ್ಕೂಟರ್ ಏರುವವರು ಹೆಲ್ಮೆಟ್ಟನ್ನು ತಲೆಯ ಮೇಲೆ ಇಟ್ಟುಕೊಳ್ಳಿ, ತೋಳಿಗೆ ನೇತುಹಾಕಬೇಡಿ. ಇನ್ನೊಂದು, ಈ ಭಾನುವಾರ ಮನೆಯ ಹಿರಿಯರ ಜೊತೆ ಹತ್ತು ನಿಮಿಷ ಕುಳಿತು ಮಾತನಾಡಿ. ಐದಾರು ವರ್ಷ ಹಿಂದಿನ ಮದುವೆಯ ವಿಡಿಯೋ ಇದ್ದರೆ ಹಾಕಿ, ಆಗಿನ ನಡಿಗೆ, ಆಗಿನ ದನಿಯನ್ನು ಈಗಿನದರ ಜೊತೆ ಹೋಲಿಸಿ. ವ್ಯತ್ಯಾಸ ಎದ್ದು ಕಂಡರೆ 'ವಯಸ್ಸಾಯಿತಲ್ಲ' ಎಂದು ಸುಮ್ಮನಾಗದೆ ಅವರನ್ನು ವೈದ್ಯರ ಬಳಿಗೆ ಕರೆತನ್ನಿ.