ಬಾಡಿಗೆ ಮನೆಯ ಬಣ್ಣ, ಮಗುವಿನ ರಕ್ತದಲ್ಲಿ ಸೀಸ: ಹೊಣೆ ಯಾರದು?

(ಸಂಘದ ಸಭೆಯಲ್ಲಿ ಒಬ್ಬರು ಓದಿ, ಎಲ್ಲರೂ ಚರ್ಚಿಸಬೇಕಾದ ಪಾಠ)



ಮನೆ ಬಾಡಿಗೆಗೆ ಹಿಡಿಯುವಾಗ ನಾವು ಏನೇನು ಕೇಳ್ತೇವೆ? ಅಡ್ವಾನ್ಸ್ ಎಷ್ಟು, ನೀರು ದಿನಾ ಬರುತ್ತಾ, ಕರೆಂಟ್ ಮೀಟರ್ ಬೇರೆ ಇದೆಯಾ, ಶೌಚಾಲಯ ಎಷ್ಟು ಮನೆಗೆ ಒಂದು? ಇಷ್ಟೆಲ್ಲಾ ಕೇಳ್ತೇವೆ. ಆದರೆ ಕಿಟಕಿಯ ಬಣ್ಣ ಎಷ್ಟು ಹಳೆಯದು, ಅದು ಚಕ್ಕೆ ಎದ್ದು ಉದುರುತ್ತಿದೆಯಾ ಅಂತ ಯಾರೂ ಕೇಳುವುದಿಲ್ಲ. ಉದುರಿದರೆ ಗುಡಿಸಿದರಾಯ್ತು ಅಂದುಕೊಳ್ತೇವೆ. ಆ ಚಕ್ಕೆ, ಆ ಪುಡಿ ಮಗುವಿನ ಹೊಟ್ಟೆಗೆ ಹೋದರೆ ಏನಾಗುತ್ತೆ, ಅದನ್ನು ತಡೆಯುವ ಹೊಣೆ ಯಾರದು ಎಂಬುದೇ ಈ ಪಾಠದ ವಿಷಯ.

ಸೀಸ ಎಂದರೇನು?

ಸೀಸ ಒಂದು ಭಾರವಾದ ಲೋಹ. ನಾವು ಚಿಕ್ಕವರಿದ್ದಾಗ 'ಸೀಸದ ಕಡ್ಡಿ' ಅಂತ ಕರೆಯುತ್ತಿದ್ದ ಪೆನ್ಸಿಲ್‌ನಲ್ಲಿ ಸೀಸ ಇಲ್ಲ, ಅದು ಗ್ರಾಫೈಟ್. ಹಾಗಾಗಿ ಪೆನ್ಸಿಲ್ ಬಗ್ಗೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಹಳೆಯ ಎಣ್ಣೆ ಬಣ್ಣಕ್ಕೆ, ಅಂದರೆ ಬಾಗಿಲು, ಕಿಟಕಿ, ಗ್ರಿಲ್, ಗೇಟುಗಳಿಗೆ ಹಚ್ಚುವ ಹೊಳಪಿನ ಎನಾಮಲ್ ಪೇಂಟಿಗೆ. ಬಣ್ಣ ಗಾಢವಾಗಿ ಬರಲಿ, ಬೇಗ ಒಣಗಲಿ ಅಂತ ಅದಕ್ಕೆ ಸೀಸದ ಪದಾರ್ಥ ಸೇರಿಸುತ್ತಿದ್ದರು. ಹಳದಿ, ಕೆಂಪು, ಕಿತ್ತಳೆ, ಹಸಿರು ಬಣ್ಣಗಳಲ್ಲಿ ಇದು ಹೆಚ್ಚು. ಗೋಡೆಗೆ ಹೊಡೆಯುವ ಸುಣ್ಣ, ಡಿಸ್ಟೆಂಪರ್‌ಗಳಲ್ಲಿ ಈ ಅಪಾಯ ಬಹಳ ಕಡಿಮೆ.

ನಮ್ಮ ದೇಶದಲ್ಲಿ ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ ದಶಲಕ್ಷ ಪಾಲಿಗೆ 90 ಪಾಲು ಮೀರಬಾರದು ಎಂಬ ನಿಯಮವನ್ನು ಕೇಂದ್ರ ಸರ್ಕಾರ 2016ರಲ್ಲಿ ಮಾಡಿತು. 2017ರ ನವೆಂಬರ್‌ನಿಂದ ಅದು ಜಾರಿಗೆ ಬಂತು. ಇದರ ಅರ್ಥ ಏನು? ಅದಕ್ಕೆ ಮುಂಚೆ ಬಣ್ಣ ಹೊಡೆದ ಮನೆಯಲ್ಲಿ ಮೇಲಿನ ಪದರ ಹೊಸದಾಗಿದ್ದರೂ ಅಡಿಯ ಪದರಗಳಲ್ಲಿ ಸೀಸ ಇರಬಹುದು. ನಿಯಮ ಬಂದ ಮೇಲೂ ಸಣ್ಣ ತಯಾರಕರ ಕೆಲವು ಬಣ್ಣಗಳಲ್ಲಿ ಮಿತಿಗಿಂತ ಹೆಚ್ಚು ಸೀಸ ಕಂಡುಬಂದಿದೆ.

ಮಗುವಿನ ದೇಹಕ್ಕೆ ಹೇಗೆ ಸೇರುತ್ತದೆ?

ಕಿಟಕಿ ಬಾಗಿಲನ್ನು ದಿನಾ ತೆರೆದು ಮುಚ್ಚುವಾಗ ಮರಕ್ಕೆ ಮರ ಉಜ್ಜಿ ಬಣ್ಣ ಪುಡಿಯಾಗುತ್ತದೆ. ಮಳೆಗಾಲದ ತೇವಕ್ಕೆ ಬಣ್ಣ ಉಬ್ಬಿ ಬೇಸಿಗೆಯಲ್ಲಿ ಚಕ್ಕೆ ಏಳುತ್ತದೆ. ಕಣ್ಣಿಗೆ ಕಾಣದ ಆ ಧೂಳು ನೆಲದ ಮೇಲೆ ಕೂರುತ್ತದೆ. ಅಂಬೆಗಾಲಿಡುವ ಮಗು ನೆಲ ಮುಟ್ಟಿ ಕೈ ಬಾಯಿಗೆ ಇಡುತ್ತದೆ. ಕಿಟಕಿ ಕಂಬಿ ಹಿಡಿದು ನಿಂತು ಕಚ್ಚುತ್ತದೆ. ಇಷ್ಟು ಸಾಕು.

ದೊಡ್ಡವರಿಗೆ ಹೋಲಿಸಿದರೆ ಮಕ್ಕಳ ದೇಹ ಹೊಟ್ಟೆಗೆ ಹೋದ ಸೀಸವನ್ನು ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೇಹವು ಸೀಸವನ್ನು ಸುಣ್ಣದ ಅಂಶ ಅಂತ ತಪ್ಪು ತಿಳಿದು ಮೂಳೆ ಹಲ್ಲುಗಳಲ್ಲಿ ಕೂಡಿಡುತ್ತದೆ. ಹೆಣ್ಣುಮಗು ಬೆಳೆದು ಗರ್ಭಿಣಿಯಾದಾಗ ಅದೇ ಸೀಸ ಮೂಳೆಯಿಂದ ರಕ್ತಕ್ಕೆ ಬಂದು ಹೊಟ್ಟೆಯ ಕೂಸಿಗೂ ತಲುಪಬಹುದು.

ಇದರ ಕೆಡುಕು ಮುಖ್ಯವಾಗಿ ಮೆದುಳಿಗೆ. ಕಲಿಕೆ ಹಿಂದೆ ಬೀಳುತ್ತದೆ, ಗಮನ ನಿಲ್ಲುವುದಿಲ್ಲ, ಸಿಡಿಮಿಡಿ ಹೆಚ್ಚುತ್ತದೆ. ರಕ್ತಹೀನತೆ, ಹೊಟ್ಟೆನೋವು, ಮಲಬದ್ಧತೆ, ಹಸಿವಿಲ್ಲದಿರುವುದು ಕೂಡ ಬರಬಹುದು. ಆದರೆ ಎಷ್ಟೋ ಮಕ್ಕಳಲ್ಲಿ ಹೊರಗೆ ಏನೂ ಕಾಣುವುದಿಲ್ಲ. "ನಮ್ಮ ಹುಡುಗ ದಡ್ಡ, ಹಠಮಾರಿ" ಅಂತ ಹೇಳಿ ಬಿಟ್ಟುಬಿಡ್ತೇವೆ. ಮೆದುಳಿಗೆ ಒಮ್ಮೆ ಆದ ಹಾನಿ ಮಾತ್ರೆಯಿಂದ ವಾಪಸ್ ಬರುವುದಿಲ್ಲ. ಇಷ್ಟು ಸೀಸ ಇದ್ದರೆ ತೊಂದರೆ ಇಲ್ಲ ಎನ್ನುವಂಥ ಸುರಕ್ಷಿತ ಮಟ್ಟ ಯಾವುದೂ ಇಲ್ಲ.

ಇದು ನಮ್ಮ ಕಡೆಯ ಸಮಸ್ಯೆಯಾ?

ಹೌದು. 1999ರಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ಬೆಂಗಳೂರೂ ಸೇರಿ ದೇಶದ ದೊಡ್ಡ ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ, ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಪ್ರತಿ ಡೆಸಿಲೀಟರ್ ರಕ್ತದಲ್ಲಿ 10 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು ಸೀಸ ಕಂಡಿತು. ಆಗ ಪೆಟ್ರೋಲಿನಲ್ಲೂ ಸೀಸ ಇತ್ತು. 2000ನೇ ಇಸವಿಯಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ವಿಷದ ಬಗ್ಗೆ ದಶಕಗಳ ಕಾಲ ಜನರನ್ನು ಎಚ್ಚರಿಸಿದರು. ಪೆಟ್ರೋಲಿನಿಂದ ಸೀಸ ಹೋಯಿತು ಅಂತ ಕೆಲಸ ಮುಗಿಯಲಿಲ್ಲ. 2020ರ ಯುನಿಸೆಫ್ ವರದಿಯ ಪ್ರಕಾರ ಪ್ರಪಂಚದಲ್ಲಿ ಮೂರು ಮಕ್ಕಳಲ್ಲಿ ಒಂದು ಮಗುವಿನ ರಕ್ತದಲ್ಲಿ ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ ಇದೆ. ಭಾರತದಲ್ಲೇ ಅಂಥ ಮಕ್ಕಳ ಸಂಖ್ಯೆ ಸುಮಾರು 27.5 ಕೋಟಿ ಎಂಬುದು ಆ ವರದಿಯ ಅಂದಾಜು.

ಬಣ್ಣ ಒಂದೇ ಕಾರಣ ಅಲ್ಲ. ಮನೆ ಪಕ್ಕದಲ್ಲಿ ಹಳೆ ಬ್ಯಾಟರಿ ಒಡೆದು ಕರಗಿಸುವುದು, ಕಲಬೆರಕೆ ಅರಿಶಿನ, ಕೆಲವು ಕಾಡಿಗೆಗಳು, ಗುಜರಿ ಲೋಹದಿಂದ ಮಾಡಿದ ಪಾತ್ರೆಗಳು, ಸೀಸ ಬೆರೆತ ಕಲಾಯಿ ಇವೂ ಕಾರಣಗಳೇ. ಆದರೆ ಬಾಡಿಗೆ ಮನೆಯ ಬಣ್ಣದ ವಿಷಯದಲ್ಲಿ ಒಂದು ತೊಡಕು ಇದೆ. ಮನೆ ನಮ್ಮದಲ್ಲ, ಮಗು ಮಾತ್ರ ನಮ್ಮದು.

ಒಂದು ಊರಿನ ಅನುಭವ

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ರೋಚೆಸ್ಟರ್ ಎಂಬ ಪಟ್ಟಣವಿದೆ. ಅಲ್ಲಿ ಹಳೆ ಮನೆಗಳು ಬಹಳ, ಅರ್ಧಕ್ಕಿಂತ ಹೆಚ್ಚು ಕುಟುಂಬಗಳು ಬಾಡಿಗೆ ಮನೆಯಲ್ಲೇ ಇರುವವರು. ಆ ದೇಶದಲ್ಲಿ ಮನೆಯ ಬಣ್ಣಕ್ಕೆ ಸೀಸ ಸೇರಿಸುವುದನ್ನು 1978ರಲ್ಲೇ ನಿಷೇಧಿಸಿದ್ದರು. ಆದರೂ ಹಳೆ ಬಣ್ಣ ಗೋಡೆ ಕಿಟಕಿಗಳಲ್ಲಿ ಉಳಿದೇ ಇತ್ತು. ಮಕ್ಕಳಿಗೆ ಒಂದು ವರ್ಷಕ್ಕೂ ಎರಡು ವರ್ಷಕ್ಕೂ ರಕ್ತ ಪರೀಕ್ಷೆ ಮಾಡುತ್ತಿದ್ದರು. ಮಗುವಿನ ರಕ್ತದಲ್ಲಿ ಸೀಸ ಹೆಚ್ಚಾಗಿದೆ ಅಂತ ಗೊತ್ತಾದ ಮೇಲೆ ಅಧಿಕಾರಿಗಳು ಬಂದು ಮನೆ ನೋಡುತ್ತಿದ್ದರು.

ಇಲ್ಲೇ ಜನ ಒಂದು ಪ್ರಶ್ನೆ ಎತ್ತಿದರು: ಮನೆ ಕೆಟ್ಟಿದೆ ಅಂತ ತಿಳಿಯಲು ಮಗು ಮೊದಲು ಕೆಡಬೇಕಾ? ಮನೆಯ ದೋಷ ಕಂಡುಹಿಡಿಯುವ ಸಾಧನ ನಮ್ಮ ಮಕ್ಕಳಾ? ಶಾಲೆಯವರು, ವೈದ್ಯರು, ತಾಯಂದಿರು, ಬಾಡಿಗೆದಾರರು ಒಂದಾಗಿ ವರ್ಷಗಳ ಕಾಲ ಓಡಾಡಿದರು. 2005ರ ಡಿಸೆಂಬರ್‌ನಲ್ಲಿ ಪಟ್ಟಣದ ಆಡಳಿತ ಒಂದು ಕಾನೂನು ಮಾಡಿತು. 2006ರ ಜುಲೈನಿಂದ ಜಾರಿಗೆ ತಂದಿತು. 1978ಕ್ಕಿಂತ ಹಳೆಯ ಬಾಡಿಗೆ ಮನೆಗಳನ್ನು ನಿಗದಿತ ಅವಧಿಗೊಮ್ಮೆ ನಗರದ ತನಿಖಾಧಿಕಾರಿಗಳು ಬಂದು ನೋಡಬೇಕು. ಬಣ್ಣ ಉದುರುತ್ತಿದ್ದರೆ ಮಾಲೀಕ ಸರಿಪಡಿಸಬೇಕು. ಅಪಾಯ ಹೆಚ್ಚಿರುವ ಬಡಾವಣೆಗಳಲ್ಲಿ ನೆಲದ ಮತ್ತು ಕಿಟಕಿಯ ಧೂಳನ್ನೂ ಪರೀಕ್ಷಿಸಬೇಕು. ಇಲ್ಲಾಂದ್ರೆ ಮನೆಯಲ್ಲಿ ಜನರನ್ನು ಇರಿಸಿಕೊಳ್ಳುವ ಪ್ರಮಾಣಪತ್ರ ಸಿಗುವುದಿಲ್ಲ.

ಮಾಲೀಕರು "ಖರ್ಚು ಎಲ್ಲಿಂದ ತರೋಣ, ಬಾಡಿಗೆ ಏರಿಸಬೇಕಾಗುತ್ತೆ" ಅಂತ ಹೆದರಿದ್ದರು. ಆದರೆ ಹೆದರಿದಷ್ಟು ಖರ್ಚು ಬರಲಿಲ್ಲ. ಎಷ್ಟೋ ಮನೆಗಳಿಗೆ ದೊಡ್ಡ ರಿಪೇರಿಯೇ ಬೇಕಾಗಲಿಲ್ಲ. ಮುಂದಿನ ವರ್ಷಗಳಲ್ಲಿ ಅಲ್ಲಿನ ಮಕ್ಕಳ ರಕ್ತದ ಸೀಸ ರಾಜ್ಯದ ಬೇರೆ ಕಡೆಗಿಂತ ವೇಗವಾಗಿ ಇಳಿಯಿತು. ಮಗುವಿಗಿಂತ ಮೊದಲು ಮನೆಯನ್ನು ಪರೀಕ್ಷಿಸಬೇಕು. ಆ ಊರು ಕಲಿಸಿದ ಪಾಠ ಇದೇ.

ಹಾಗಾದರೆ ಹೊಣೆ ಯಾರದು?

ಮಗುವಿಗೆ ಏನಾದರೂ ಆದರೆ ಮೊದಲು ಬೆರಳು ತೋರಿಸುವುದು ತಾಯಿಯ ಕಡೆಗೆ. "ನೀನು ಸರಿಯಾಗಿ ನೋಡಿಕೊಳ್ಳಲಿಲ್ಲ, ಮಗು ಮಣ್ಣು ತಿನ್ನಲು ಬಿಟ್ಟೆ" ಅಂತಾರೆ. ನಿಧಾನವಾಗಿ ಯೋಚಿಸೋಣ. ಡಬ್ಬಿಯೊಳಗೆ ಸೀಸ ಬೆರೆಸಿದ್ದು ತಾಯಿ ಅಲ್ಲ. ಅದನ್ನು ಮಾರಲು ಬಿಟ್ಟದ್ದು ಅವಳಲ್ಲ. ಉದುರುವ ಕಿಟಕಿಯನ್ನು ಹಾಗೇ ಬಿಟ್ಟು ಬಾಡಿಗೆ ವಸೂಲಿ ಮಾಡಿದ್ದೂ ಅವಳಲ್ಲ. ಆದ್ದರಿಂದ ಹೊಣೆಯನ್ನು ಹೀಗೆ ಹಂಚಿ ನೋಡಬೇಕು.

1. ತಯಾರಕರು ಮತ್ತು ಸರ್ಕಾರ: 90ರ ಮಿತಿ ಪಾಲಿಸುವುದು ತಯಾರಕರ ಕರ್ತವ್ಯ. ಸೀಸದ ಪ್ರಮಾಣ ಮಿತಿಯೊಳಗಿದೆ ಎಂದು ಡಬ್ಬಿಯ ಮೇಲೆ ಅವರು ನಮೂದಿಸಬೇಕು. ಅಂಗಡಿಯ ಬಣ್ಣವನ್ನು ಪರೀಕ್ಷಿಸಿ ತಪ್ಪಿತಸ್ಥರನ್ನು ಹಿಡಿಯುವುದು ಸರ್ಕಾರದ ಕೆಲಸ.

2. ಮನೆ ಮಾಲೀಕರು: 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಒಂದು ಮುಖ್ಯ ಮಾತು ಹೇಳುತ್ತದೆ. ಬಾಡಿಗೆಗೆ ಬರುವವರಿಗೆ ಸಾಮಾನ್ಯ ಎಚ್ಚರದಿಂದ ಕಾಣದ, ಆದರೆ ಮಾಲೀಕರಿಗೆ ಗೊತ್ತಿರುವ ಮುಖ್ಯ ದೋಷವನ್ನು ಮಾಲೀಕರು ತಿಳಿಸಬೇಕು. 2021ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ, ಬೇರೆ ಕರಾರು ಇಲ್ಲದಿದ್ದರೆ, ಗೋಡೆಗೆ ಸುಣ್ಣ ಹೊಡೆಸುವುದು, ಬಾಗಿಲು ಕಿಟಕಿಗೆ ಬಣ್ಣ ಹಚ್ಚಿಸುವುದು ಮಾಲೀಕರ ಪಟ್ಟಿಯಲ್ಲಿದೆ. ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ. ಆದರೂ ಕರಾರು ಬರೆಯುವಾಗ ನ್ಯಾಯ ಯಾವುದು ಅಂತ ತೋರಿಸಲು ಅದು ಸಾಕು.

3. ನಗರಸಭೆ, ಪಂಚಾಯಿತಿ, ಆರೋಗ್ಯ ಇಲಾಖೆ: ಒಬ್ಬೊಬ್ಬ ಬಾಡಿಗೆದಾರಳು ಮಾಲೀಕರ ಜೊತೆ ಜಗಳವಾಡಿ ಗೆಲ್ಲಲಾರಳು. "ಬೇಡ ಅಂದ್ರೆ ಮನೆ ಖಾಲಿ ಮಾಡಿ" ಅಂತ ಒಂದೇ ಮಾತಲ್ಲಿ ಹೇಳಿಬಿಡ್ತಾರೆ. ಅದಕ್ಕೇ ರೋಚೆಸ್ಟರ್‌ನಂತೆ ಎಲ್ಲ ಮನೆಗೂ ಒಂದೇ ನಿಯಮ ಬೇಕು. ಆಗ ದೂರು ಕೊಟ್ಟವಳು ಒಬ್ಬಳೇ ಕೆಟ್ಟವಳಾಗುವುದಿಲ್ಲ.

4. ನಾವು: ಮೇಲಿನವರು ಎಚ್ಚರಗೊಳ್ಳುವ ತನಕ ಮಗು ಕಾಯುವುದಿಲ್ಲ. ಆದ್ದರಿಂದ ಕೈಲಾದದ್ದನ್ನು ಇವತ್ತೇ ಮಾಡಬೇಕು. ನಮ್ಮಲ್ಲೇ ಒಂದೆರಡು ಕೋಣೆ ಬಾಡಿಗೆಗೆ ಕೊಟ್ಟ ಸದಸ್ಯೆಯರೂ ಇರಬಹುದು. ಅವರಿಗೆ ಮಾಲೀಕರ ಹೊಣೆಯೂ ಇದೆ ಎಂಬುದನ್ನು ಮರೆಯಬಾರದು.

ಮನೆಯಲ್ಲಿ ಇವತ್ತೇ ಮಾಡಬಹುದಾದದ್ದು

* ಬಣ್ಣ ಉದುರುವ ಜಾಗದಲ್ಲಿ ಒಣ ಪೊರಕೆಯಿಂದ ಗುಡಿಸಬೇಡಿ, ಧೂಳು ಎದ್ದು ಮನೆಯೆಲ್ಲಾ ಹರಡುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ. ಆ ಬಟ್ಟೆಯನ್ನು ಬೇರೆಯೇ ಇಟ್ಟು ತೊಳೆಯಿರಿ.
* ಮಗುವಿನ ತೊಟ್ಟಿಲು, ಚಾಪೆ, ಊಟದ ಜಾಗವನ್ನು ಆ ಕಿಟಕಿ ಬಾಗಿಲಿನಿಂದ ದೂರ ಮಾಡಿ. ಮಗು ಕಚ್ಚುವ ಎತ್ತರದ ಕಂಬಿಗೆ ದಪ್ಪ ಬಟ್ಟೆ ಅಥವಾ ಟೇಪು ಸುತ್ತಿ.
* ಊಟಕ್ಕೆ, ಮಲಗುವುದಕ್ಕೆ ಮುಂಚೆ ಮಗುವಿನ ಕೈಯನ್ನು ಸೋಪು ಹಾಕಿ ತೊಳೆಸಿ. ಆಟಿಕೆಗಳನ್ನೂ ತೊಳೆಯಿರಿ.
* ಮಗುವನ್ನು ಖಾಲಿ ಹೊಟ್ಟೆಯಲ್ಲಿ ಇರಿಸಬೇಡಿ, ಖಾಲಿ ಹೊಟ್ಟೆ ಸೀಸವನ್ನು ಹೆಚ್ಚು ಹೀರುತ್ತದೆ. ರಾಗಿ, ಹಾಲು, ನುಗ್ಗೆಸೊಪ್ಪು, ಕಾಳು, ಮೊಟ್ಟೆ, ನೆಲ್ಲಿಕಾಯಿ, ನಿಂಬೆ ಕೊಡಿ. ಸುಣ್ಣದ ಅಂಶ ಮತ್ತು ಕಬ್ಬಿಣದ ಅಂಶ ಸಾಕಷ್ಟಿದ್ದರೆ ಸೀಸ ಸೇರುವುದು ಕಡಿಮೆಯಾಗುತ್ತದೆ.
* ಹಳೆ ಎಣ್ಣೆ ಬಣ್ಣವನ್ನು ಒಣದಾಗಿ ಉಜ್ಜುವುದು, ಬೆಂಕಿ ಹಿಡಿದು ಸುಟ್ಟು ತೆಗೆಯುವುದು ಬಹಳ ಅಪಾಯ. ನೀರು ಚಿಮುಕಿಸಿ ಒದ್ದೆ ಮಾಡಿಯೇ ಕೆರೆಯಬೇಕು, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಕೆಲಸ ಮುಗಿದು ಎಲ್ಲ ಒರೆಸುವ ತನಕ ಮಕ್ಕಳು, ಗರ್ಭಿಣಿಯರು ಆ ಮನೆಯಲ್ಲಿ ಇರಬಾರದು.
* ಮನೆಯವರು ಪೇಂಟಿಂಗ್ ಅಥವಾ ಬ್ಯಾಟರಿ ಕೆಲಸಕ್ಕೆ ಹೋಗುವವರಾದರೆ, ಮಗುವನ್ನು ಎತ್ತಿಕೊಳ್ಳುವ ಮುಂಚೆ ಸ್ನಾನ ಮಾಡಿ ಬಟ್ಟೆ ಬದಲಿಸಲಿ.
* ಮಗು ಬಣ್ಣದ ಚಕ್ಕೆ ತಿನ್ನುತ್ತಿದ್ದರೆ, ರಕ್ತಹೀನತೆ ವಾಸಿಯಾಗದಿದ್ದರೆ, ವೈದ್ಯರಿಗೆ "ಸೀಸದ ರಕ್ತ ಪರೀಕ್ಷೆ ಬೇಕಾ?" ಅಂತ ಬಾಯಿಬಿಟ್ಟು ಕೇಳಿ. 5 ಅಥವಾ ಹೆಚ್ಚು ಬಂದರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಸೀಸ ಹೊರತೆಗೆಯುವ ಔಷಧ ಬಹಳ ಹೆಚ್ಚು ಬಂದವರಿಗೆ ಮಾತ್ರ, ಅದೂ ವೈದ್ಯರ ಕೈಯಲ್ಲೇ. ಭೇದಿ ಮಾಡಿಸಿ ವಿಷ ತೆಗೆಯುತ್ತೇವೆ ಎನ್ನುವವರನ್ನು ನಂಬಬೇಡಿ.

ಸಂಘವಾಗಿ ಮಾಡಬಹುದಾದದ್ದು

ಒಬ್ಬಳು ಕೇಳಿದರೆ ತಕರಾರು, ಹದಿನೈದು ಮಂದಿ ಕೇಳಿದರೆ ಬೇಡಿಕೆ. ಸದಸ್ಯೆಯರ ಬಾಡಿಗೆ ಮನೆಗಳನ್ನು ಇಬ್ಬಿಬ್ಬರಂತೆ ಹೋಗಿ ನೋಡಿ, ಆರು ವರ್ಷದೊಳಗಿನ ಮಕ್ಕಳಿರುವ, ಬಣ್ಣ ಉದುರುವ ಮನೆಗಳ ಪಟ್ಟಿ ಮಾಡಿ. ಮಾಲೀಕರ ಹತ್ತಿರ ಒಬ್ಬಳನ್ನೇ ಕಳಿಸದೆ ಮೂರು ನಾಲ್ಕು ಮಂದಿ ಹೋಗಿ ಮರ್ಯಾದೆಯಿಂದ ಮಾತಾಡಿ. ಇಡೀ ಮನೆಗೆ ಬಣ್ಣ ಹೊಡೆಸಿ ಅನ್ನಬೇಡಿ. "ಈ ಎರಡು ಕಿಟಕಿ, ಈ ಒಂದು ಬಾಗಿಲು" ಅಂತ ತೋರಿಸಿ ಕೇಳಿ. ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳುವುದಾದರೆ ಅದನ್ನು ಕಾಗದದಲ್ಲಿ ಬರೆಸಿ ಸಹಿ ಹಾಕಿಸಿ. ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲೆ ಸೀಸದ ಬಗ್ಗೆ ಬರೆದಿದೆಯಾ ನೋಡಿ, ಹೆಸರು ವಿಳಾಸ ಇಲ್ಲದ ಅಗ್ಗದ ಡಬ್ಬಿ ಬೇಡ. ಬಾಡಿಗೆಗೆ ಕೊಟ್ಟ ಸದಸ್ಯೆಗೆ ಬಣ್ಣದ ಖರ್ಚು ಭಾರವಾದರೆ ಸಂಘದ ಆಂತರಿಕ ಸಾಲ ಕೊಡಬಹುದಾ ಎಂದು ಚರ್ಚಿಸಿ. ಅಂಗನವಾಡಿ ಕಟ್ಟಡದ ಕಿಟಕಿ, ಜಾರುಬಂಡೆ, ಗೇಟನ್ನೂ ನೋಡಿ, ಅದು ಪಂಚಾಯಿತಿಯ ಕೆಲಸ. ವಾರ್ಡ್ ಸಭೆ, ಗ್ರಾಮಸಭೆಯಲ್ಲಿ ಈ ವಿಷಯವನ್ನು ಅರ್ಜಿ ಮೂಲಕ ಇಡಿ.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಮನೆಯಲ್ಲಿ ಮಗುವಿನ ಕೈಗೆ ಎಟುಕುವ ಯಾವ ಜಾಗದಲ್ಲಿ ಬಣ್ಣ ಉದುರುತ್ತಿದೆ?
2. ಮಾಲೀಕರನ್ನು ಕೇಳಲು ನಮಗೆ ಇರುವ ಭಯ ಯಾವುದು? ಸಂಘ ಜೊತೆಗಿದ್ದರೆ ಅದು ಎಷ್ಟು ಕಡಿಮೆಯಾಗುತ್ತದೆ?
3. ನಮ್ಮಲ್ಲಿ ಯಾರಾದರೂ ಮನೆ ಬಾಡಿಗೆಗೆ ಕೊಟ್ಟಿದ್ದೇವಾ? ಆ ಮನೆಯ ಮಗುವಿಗೆ ನಮ್ಮ ಕರ್ತವ್ಯ ಏನು?
4. ಮುಂದಿನ ಸಭೆಯೊಳಗೆ ಯಾವ ಒಂದು ಕೆಲಸ, ಯಾರು ಮಾಡ್ತೀರಿ?

ನಾಲ್ಕನೇ ಪ್ರಶ್ನೆಯ ಉತ್ತರವನ್ನು ಹೆಸರು, ದಿನಾಂಕ ಸಮೇತ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಓದುವ ಮುಂಚೆ ಅದನ್ನು ಓದಿ. ಬಾಡಿಗೆ ಮನೆ ಇವತ್ತು ಇದು, ನಾಳೆ ಇನ್ನೊಂದು. ಮಗುವಿನ ಮೆದುಳು ಬೆಳೆಯುವ ವರ್ಷಗಳು ಮಾತ್ರ ಒಂದೇ ಸಲ ಬರುತ್ತವೆ.