‘ಅವ್ವಾ, ನನಗ ಕುರಿ ಪಾರ್ಟ್ ಕೊಟ್ಟಾರ!’: ಶಾಲೆಯ ನಾಟಕಕ್ಕೆ ಮನೆಯವರ ತಯಾರಿ

ಡಿಸೆಂಬರ್ ಎರಡನೇ ವಾರದ ಹೊತ್ತಿಗೆ ರೋಣ, ನರಗುಂದ, ಗಜೇಂದ್ರಗಡದ ಶಾಲೆಗಳಲ್ಲಿ ಪಾಠಕ್ಕಿಂತ ತಾಲೀಮಿನ ಸದ್ದೇ ಜೋರು. ಇಂಗ್ಲಿಷ್ ಮಾಧ್ಯಮದ ಶಾಲೆಯಾದರೆ ಮೊದಲು ಕ್ರಿಸ್‌ಮಸ್ ನಾಟಕ, ಅದರ ಬೆನ್ನಿಗೇ ಗ್ಯಾದರಿಂಗು. ಕನ್ನಡ ಶಾಲೆಯಾದರೆ ನೇರವಾಗಿ ಗ್ಯಾದರಿಂಗು. ಪಾರ್ಟು ಹಂಚಿದ ದಿನ ಸಂಜೆ ಮಗು ಮನೆಗೆ ಬಂದು ಚೀಲ ಒಗೆದು, ‘ಅವ್ವಾ, ನನಗ ಕುರಿ ಪಾರ್ಟ್ ಕೊಟ್ಟಾರ!’ ಎನ್ನುತ್ತದೆ. ಕುರಿಯಾಗಿದ್ದಕ್ಕೆ ಕುಣಿಯಬೇಕೋ ಅಳಬೇಕೋ ಅದಕ್ಕಿನ್ನೂ ಗೊತ್ತಿಲ್ಲ. ನಿಮ್ಮ ಮುಖ ನೋಡಿ ಗೊತ್ತುಮಾಡಿಕೊಳ್ಳುತ್ತದೆ.

ಆಗ ಮನೆಯೊಳಗಿಂದ ಬರುವ ಮಾತುಗಳು ನಮಗೆಲ್ಲ ಗೊತ್ತಿರುವವೇ. ‘ಕುರಿ? ಅದಕ್ಕ ಡೈಲಾಗ್ ಅದಾವೇನು?’ ಎಂದು ಅವ್ವ. ‘ಮೇರಿ ಪಾರ್ಟ್ ಯಾರಿಗೆ ಕೊಟ್ಟಾರ? ಆ ಡಾಕ್ಟರ್ ಮಗಳಿಗೇ ಹೌದಲ್ಲೋ?’ ಎಂದು ಚಿಕ್ಕಮ್ಮ. ‘ಛಲೋ ಆತು ಬಿಡು, ಮೇಕಪ್ಪಿನ ಖರ್ಚ ಉಳೀತು’ ಎಂದು ಅಪ್ಪ. ಅಪ್ಪನ ಮಾತು ನಗುವಿನಲ್ಲಿ ಬಂದರೂ ಮೂರರಲ್ಲಿ ಅದೇ ಹೆಚ್ಚು ನಾಟುತ್ತದೆ ಎಂದು ನನ್ನ ಅನಿಸಿಕೆ. ಅವ್ವನ ಬೇಸರ ಪಾರ್ಟಿನ ಮೇಲೆ, ಚಿಕ್ಕಮ್ಮನದು ಡಾಕ್ಟರ್ ಮನೆಯ ಮೇಲೆ. ಅಪ್ಪ ನಕ್ಕದ್ದು ಮಾತ್ರ ತನ್ನನ್ನೇ ನೋಡಿ ಎಂದು ಮಗು ತಿಳಿಯುತ್ತದೆ.

ಮೊದಲ ಸಂಜೆ

ಎಷ್ಟು ಮಾತಿದೆ ಎಂದು ಕೇಳಬೇಡಿ. ಹೀಗೆ ಕೇಳಿ: ‘ನಿನ್ನ ಪಾರ್ಟ್ ಎಲ್ಲಿ ಬರತೈತಿ? ನೀ ಬಂದಾಗ ಏನಾಗತೈತಿ? ನಿನ್ನ ಜೋಡಿ ಯಾರ್‍ಯಾರ ಇರ್ತಾರ?’ ಉತ್ತರ ಬರುವವರೆಗೆ ಸುಮ್ಮನಿರಿ. ‘ನಾವು ನಾಲ್ಕ ಕುರಿ ಅದೀವಿ. ಒಂದ ಕುರಿ ಕಳದ ಹೋಗತೈತಿ. ಅದು ನಾನ!’ ಎಂದು ಮಗು ಹೇಳಿತೆಂದರೆ ಅರ್ಧ ಕೆಲಸ ಮುಗಿಯಿತು. ಕಳೆದುಹೋಗುವ ಕುರಿ ಎಂದರೆ ನಾಟಕದಲ್ಲಿ ಎಲ್ಲರೂ ಹುಡುಕುವ ಪಾತ್ರವಲ್ಲವೇ?

ಮಗು ಅತ್ತರೆ ಅಳಲಿ. ‘ನಾಳೆ ನಾನ ಬಂದು ಪಾರ್ಟ್ ಬದಲಿ ಮಾಡಸ್ತೀನಿ’ ಎಂದು ಮಾತ್ರ ಹೇಳಬೇಡಿ. ಆ ರಾತ್ರಿಯೇ ಅಕ್ಕೋರಿಗೆ ಫೋನ್ ಹಚ್ಚುವುದೂ ಬೇಡ. ಎರಡು ದಿನ ತಾಲೀಮು ನಡೆದ ಮೇಲೆ ಎಷ್ಟೋ ಮಕ್ಕಳು ತಮ್ಮ ಪಾರ್ಟನ್ನು ಬೇರೆ ಯಾರಿಗೂ ಬಿಟ್ಟುಕೊಡಲು ಒಪ್ಪುವುದಿಲ್ಲ. ಮನೆಯಲ್ಲಿ ಆಯಿ, ಅಜ್ಜ ಇದ್ದರೆ ಅವರಿಗೂ ಮೊದಲೇ ಒಂದು ಮಾತು ಹೇಳಿಡಿ. ಬಂದ ನೆಂಟರ ಎದುರು ‘ನಮ್ಮ ಹುಡುಗಗ ಏನೋ ಕುರಿ ಪಾರ್ಟ್ ಕೊಟ್ಟಾರಂತ’ ಎಂದು ರಾಗ ಎಳೆಯುವವರು ಅವರೇ.

ಕಥೆಯನ್ನು ನೀವೂ ಓದಿಕೊಳ್ಳಿ

ಪಾರ್ಟು ಸಣ್ಣದು ಎನ್ನುವ ಮುನ್ನ ಕಥೆ ಗೊತ್ತಿರಬೇಕು. ಕ್ರಿಸ್‌ಮಸ್ ಈ ಸೀಮೆಗೆ ತೀರ ಹೊಸದೂ ಅಲ್ಲ. ಬಾಸೆಲ್ ಮಿಷನ್ನಿನವರು ಪಕ್ಕದ ಬೆಟಗೇರಿಯಲ್ಲಿ ಕೇಂದ್ರ ತೆರೆದದ್ದು 1841ರಲ್ಲಿ. ಆದರೂ ನಮ್ಮ ಬಹಳಷ್ಟು ಮನೆಗಳಿಗೆ ಯೇಸು ಹುಟ್ಟಿದ ಕಥೆ ಅರೆಬರೆ ಗೊತ್ತು. ಲೂಕನ ಸುವಾರ್ತೆಯಲ್ಲಿ ದೇವದೂತ ಆ ಸುದ್ದಿಯನ್ನು ಮೊದಲು ತರುವುದು ರಾತ್ರಿ ಹೊಲದಲ್ಲಿ ಕುರಿ ಕಾಯುತ್ತಿದ್ದವರಿಗೆ. ಅರಮನೆಗಲ್ಲ, ಗುಡಿಗಲ್ಲ. ಹಟ್ಟಿ ಹಾಕಿಕೊಂಡು ಹೊಲದಲ್ಲೇ ಮಲಗುವ ಕುರಿಗಾಹಿಗಳನ್ನು ಪ್ರತಿ ವರ್ಷ ನೋಡುವ ನಮ್ಮ ಮಕ್ಕಳಿಗೆ ಈ ದೃಶ್ಯ ವಿವರಿಸಿ ಹೇಳಬೇಕಾಗಿಲ್ಲ.

ಚಿನ್ನ, ಧೂಪ, ರಕ್ತಬೋಳ ತರುವ ಜ್ಞಾನಿಗಳು ಬರುವುದು ಮತ್ತಾಯನ ಸುವಾರ್ತೆಯಲ್ಲಿ. ಅವರು ಮೂವರೇ ಎಂದು ಅಲ್ಲಿ ಎಲ್ಲೂ ಬರೆದಿಲ್ಲ. ಕಾಣಿಕೆ ಮೂರು ಇರುವುದರಿಂದ ಜನ ಮೂವರು ಮಾಡಿಕೊಂಡರು. ಐವರು ಮಕ್ಕಳಿಗೆ ರೇಶಿಮೆ ಅಂಗಿ ತೊಡಿಸಿದರೂ ಕಥೆ ಕೆಡುವುದಿಲ್ಲ. ‘ಜಾಗ ಇಲ್ಲ ಹೋಗ್ರಿ’ ಎಂದು ಬಾಗಿಲು ಹಾಕುವ ಛತ್ರದ ಯಜಮಾನನಂತೂ ಸುವಾರ್ತೆಯಲ್ಲಿ ಇಲ್ಲವೇ ಇಲ್ಲ. ಛತ್ರದಲ್ಲಿ ಸ್ಥಳವಿರಲಿಲ್ಲ ಎಂಬಷ್ಟೇ ಮಾತನ್ನು ಹಿಡಿದು ನಾಟಕದವರು ಅವನನ್ನು ಹುಟ್ಟಿಸಿದರು. ಅದಕ್ಕೇ ಆ ಪಾರ್ಟಿನಲ್ಲಿ ಮಗು ತನ್ನದೇ ಮಾತು ಸೇರಿಸಲು ಬೇಕಾದಷ್ಟು ಜಾಗ ಇದೆ.

ಇನ್ನು ಎತ್ತು, ಕತ್ತೆಯ ಪಾರ್ಟು ಬಂದವರಿಗೆ ಒಂದು ವಿಷಯ. ಇಟಲಿಯ ಗ್ರೆಚ್ಚೋ ಎಂಬ ಊರಲ್ಲಿ 1223ರ ಕ್ರಿಸ್‌ಮಸ್ ರಾತ್ರಿ ಸಂತ ಫ್ರಾನ್ಸಿಸ್ ಈ ದೃಶ್ಯವನ್ನು ಜನರ ಕಣ್ಣಮುಂದೆ ನಿಲ್ಲಿಸಿದರು. ಅಲ್ಲಿದ್ದದ್ದು ಹುಲ್ಲು ತುಂಬಿದ ಗೋದಲಿ, ಜೀವಂತ ಎತ್ತು, ಜೀವಂತ ಕತ್ತೆ. ಮೇರಿ, ಯೋಸೇಫರ ವೇಷ ಯಾರಾದರೂ ಹಾಕಿದ್ದರೆಂದು ಆ ಕಾಲದ ವರದಿ ಹೇಳುವುದಿಲ್ಲ. ಆ ರಾತ್ರಿಯ ಲೆಕ್ಕ ಹಿಡಿದರೆ ವರದಿಯಲ್ಲಿ ಮೇರಿಗಿಲ್ಲದ ಪಾರ್ಟು ಕತ್ತೆಗಿತ್ತು! ಇದನ್ನು ಮಗುವಿಗೆ ಹೇಳಿ, ಮರುದಿನ ಅದು ಇಡೀ ಕ್ಲಾಸಿಗೆ ಹೇಳುತ್ತದೆ.

ಕೆಟ್ಟವನ ಪಾರ್ಟು

ಅದೇ ಕಥೆಯಲ್ಲಿ ಕೂಸು ಯೇಸುವನ್ನು ಕೊಲ್ಲಲು ಹೊರಟ ಹೆರೋದ ರಾಜನ ಪಾರ್ಟು ಬಂದರೆ ‘ನಮ್ಮ ಹುಡುಗನ ಕಡೆ ಕೆಟ್ಟ ಮಾತು ಆಡಸ್ತಾರ’ ಎಂದು ಕೆಲವರಿಗೆ ಕಸಿವಿಸಿ. ನಮ್ಮ ಕಡೆಯವರಿಗೆ ಈ ಅಂಜಿಕೆ ಯಾಕೆ ಬರಬೇಕು ಎಂಬುದೇ ನನಗೆ ತಿಳಿಯದು. ದೊಡ್ಡಾಟದಲ್ಲಿ ರಾಕ್ಷಸ ಬಂದಾಗಲೇ ಮಲಗಿದ ಮಂದಿ ಎದ್ದು ಕೂರುವುದು. ಕಿರೀಟ, ಭುಜಕೀರ್ತಿ, ರಂಗ ಅದುರುವಂಥ ಕುಣಿತ ಎಲ್ಲ ಅವನದೇ. ಊರ ನಾಟಕಗಳಲ್ಲಿ ಕೀಚಕ, ದುರ್ಯೋಧನರ ಪಾರ್ಟಿಗೆ ಪೈಪೋಟಿ ನಡೆಯುತ್ತದೆ. ಧರ್ಮರಾಯನ ಪಾರ್ಟು ಮಾಡುವವನನ್ನು ಹುಡುಕಿ ಒಪ್ಪಿಸಬೇಕು.

ನರಗುಂದದಲ್ಲಿ 1858ರ ಬಂಡಾಯದ ನಾಟಕ ಆಡಿದರೆ ಪ್ರತಿಯೊಬ್ಬ ಹುಡುಗನಿಗೂ ಬಾಬಾಸಾಹೇಬನೇ ಆಗಬೇಕು. ಸುರೇಬಾನದಲ್ಲಿ ಕೊಲೆಯಾಗುವ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಯಾರಿಗೂ ಬೇಡ. ಆದರೆ ಮ್ಯಾನ್ಸನ್ ಗಟ್ಟಿಯಾಗಿರದಿದ್ದರೆ ಬಾಬಾಸಾಹೇಬನ ಶೌರ್ಯ ತೋರುವುದೆಲ್ಲಿ? ಮಗನಿಗೆ ಇಷ್ಟು ಹೇಳಿದರೆ ಸಾಕು. ನಾಟಕದ ಆಚೆಗೆ ಮನೆಯಲ್ಲಿ, ಓಣಿಯಲ್ಲಿ ಆ ಹೆಸರು ಹಿಡಿದು ಕರೆಯುವುದನ್ನು ಮಾತ್ರ ಮೊದಲ ದಿನವೇ ನಿಲ್ಲಿಸಿ.

ಹುಡುಗನಿಗೆ ಹೆಣ್ಣಿನ ಪಾತ್ರ ಬಂದಾಗಲೂ ಇದೇ ಮಾತು. ಏಣಗಿ ಬಾಳಪ್ಪನವರು ಸ್ತ್ರೀ ಪಾತ್ರಗಳನ್ನೂ ಮಾಡಿ ಬೆಳೆದು ಮುಂದೆ ಬಸವೇಶ್ವರನಾಗಿ ಮನೆಮಾತಾದವರು ಎಂಬುದನ್ನು ನೆನಪಿಸಿ. ಆದರೂ ಮಗು ಒಲ್ಲೆ ಎಂದರೆ ಬಲವಂತ ಬೇಡ.

ಶಾಲೆಗೆ ಹೋಗಿ ಕೇಳಲೇಬೇಕಾದದ್ದು

ಪಾರ್ಟು ಸಣ್ಣದು ಎಂಬುದು ದೂರು ಅಲ್ಲ. ಆದರೆ ಕೆಲವು ಸಂಗತಿಗಳನ್ನು ನುಂಗಿಕೊಳ್ಳಬಾರದು. ಪ್ರತಿ ವರ್ಷ ಬಿಳಿ ಬಣ್ಣದ ಮಕ್ಕಳೇ ದೇವದೂತರಾಗಿ, ಕಪ್ಪಗಿರುವವರು ಹಿಂದಿನ ಸಾಲಿಗೆ ಹೋಗುತ್ತಿದ್ದರೆ ಅದು ಪಾರ್ಟು ಹಂಚುವ ರೀತಿಯಲ್ಲ. ದಪ್ಪಗಿರುವ ಹುಡುಗನನ್ನು ನಗೆಪಾಟಲು ಮಾಡಲೆಂದೇ ಒಂದು ದೃಶ್ಯ ಬರೆದಿದ್ದರೆ ಅದೂ ಅಲ್ಲ. ಎಲ್ಲಕ್ಕಿಂತ ಮುಖ್ಯ, ಮನೆತನದ ಕಸುಬು ನೋಡಿ ಪಾರ್ಟು ಕೊಡುವುದು. ಕುರಿ ಕಾಯುವ ಮನೆಯ ಹುಡುಗನಿಗೇ ಕುರಿಗಾಹಿ, ಪೌರಕಾರ್ಮಿಕರ ಮಗಳಿಗೇ ಕಸಬರಿಗೆ. ಮಾಡಿದವರು ಕೆಟ್ಟ ಉದ್ದೇಶದಿಂದ ಮಾಡದೇ ಇರಬಹುದು. ಮಗುವಿಗೆ ಮಾತ್ರ ತಟ್ಟನೆ ತಿಳಿಯುತ್ತದೆ. ಇಂಥದ್ದು ಕಂಡರೆ ನಿಮ್ಮ ಮಗುವಿಗಲ್ಲದೆ ಬೇರೆಯವರ ಮಗುವಿಗಾಗಿದ್ದರೂ ಹೋಗಿ ಮಾತಾಡಿ.

ಶಾಲೆ ಬಿಟ್ಟ ಮೇಲೆ, ಒಬ್ಬರೇ, ಮಗುವನ್ನು ಜೊತೆಗೆ ನಿಲ್ಲಿಸಿಕೊಳ್ಳದೆ ಹೋಗಿ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಾಕಿದರೆ ರಾತ್ರಿ ಹತ್ತರೊಳಗೆ ಅದು ಎರಡು ಪಕ್ಷಗಳ ಜಗಳವಾಗುತ್ತದೆ, ಮರುದಿನ ಮುಂಜಾನೆ ಪ್ರಾರ್ಥನೆಗೆ ನಿಲ್ಲುವುದು ನಿಮ್ಮ ಮಗು. ಮಾತು ಹೀಗೆ ಶುರುವಾಗಲಿ: ‘ಮೇಡಮ್ಮಾರ, ಪಾರ್ಟ್ ಬದಲಿ ಮಾಡ್ರಿ ಅಂತ ಬಂದಿಲ್ರಿ. ಹಂಚೂದು ಹೆಂಗ ಮಾಡ್ತೀರಿ ತಿಳಕೊಳ್ಳೂಣಂತ ಬಂದೀನ್ರಿ.’ ಕೇಳಿ, ಹೇಳಿ, ಎದ್ದು ಬನ್ನಿ. ಸರಿಹೋಗದಿದ್ದರೆ ಮುಖ್ಯ ಗುರುಗಳಿಗೆ ಚೀಟಿ ಬರೆದುಕೊಡಿ.

ಧರ್ಮದ ಪ್ರಶ್ನೆಯೂ ಕೆಲವು ಮನೆಗಳಲ್ಲಿ ಏಳುತ್ತದೆ: ನಮ್ಮ ಮಗಳು ಮೇರಿ ಆಗಬಹುದೇ? ಮೊಹರಮ್ಮಿನ ಅಲಾಯಿ ಕುಣಿಗೆ ಎಲ್ಲ ಮನೆಯವರೂ ಸುತ್ತು ಹಾಕುವ ಊರುಗಳು ನಮ್ಮವು. ನಾಟಕದ ಮೇರಿಯಿಂದ ಯಾರ ದೇವರಕೋಣೆಗೂ ಧಕ್ಕೆ ಇಲ್ಲ ಎಂದು ನನ್ನ ನಂಬಿಕೆ. ನಿಮಗೆ ಹಾಗನ್ನಿಸದಿದ್ದರೆ ಸುಮ್ಮನೆ ಸಿಡಿಮಿಡಿಗೊಳ್ಳದೆ ಶಾಲೆಗೆ ತಿಳಿಸಿ. ಸಂವಿಧಾನದ 28ನೇ ವಿಧಿಯ ಪ್ರಕಾರ ಸರಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಕೂರಿಸುವಂತಿಲ್ಲ. ನಾಟಕ ಇವೆರಡೂ ಅಲ್ಲ ಎಂದು ವಾದಿಸಬಹುದು. ಆದರೂ ಕೇಳಿಕೊಂಡರೆ ಬೆಳಕು, ಹಾಡು, ಪರದೆ ಎಳೆಯುವ ಕೆಲಸ ಕೊಡಲು ಯಾವ ಶಾಲೆಗೂ ಕಷ್ಟವಿಲ್ಲ.

ವೇಷ, ಬಣ್ಣ

ಬಾಡಿಗೆ ಬಟ್ಟೆಗೆಂದು ಗದಗಿಗೆ ಓಡುವ ಮುನ್ನ ಮನೆಯ ಟ್ರಂಕು ತೆರೆಯಿರಿ. ಕುರಿಗಾಹಿಗೆ ಕರಿ ಕಂಬಳಿಗಿಂತ ಒಳ್ಳೆಯ ವೇಷ ಇಲ್ಲ. ಅದು ಚುಚ್ಚುತ್ತದೆ, ಒಳಗೆ ತುಂಬುತೋಳಿನ ಹತ್ತಿ ಅಂಗಿ ಹಾಕಿ. ಜ್ಞಾನಿಗಳಿಗೆ ಅಜ್ಜನ ರುಮಾಲು ಸಾಕು. ಮೇರಿಯ ತಲೆಯ ಮೇಲಿನ ಹೊದಿಕೆಗೆ ಗಜೇಂದ್ರಗಡದ ಪಟ್ಟೇದಂಚು ಸೀರೆಯ ಸೆರಗನ್ನು ಮಡಿಸಿ ಎರಡು ಪಿನ್ನು ಹಚ್ಚಿದರೆ ಬೆಥ್ಲೆಹೇಮಿನವರು ಬಂದು ನೋಡಬೇಕು, ಹಾಗಿರುತ್ತದೆ.

ಕುರಿಯ ಮೈಗೆ ಅಂಟಿಸುವ ಹತ್ತಿ, ದೇವದೂತನ ಥರ್ಮಾಕೋಲು ರೆಕ್ಕೆ, ನೈಲಾನ್ ಫ್ರಾಕು, ಮೂರೂ ಕ್ಷಣದಲ್ಲಿ ಹತ್ತಿಕೊಳ್ಳುವಂಥವು. ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ಮೇಣದಬತ್ತಿ ಇದ್ದೇ ಇರುತ್ತದೆ. ರಂಗದ ಮೇಲೆ ಬ್ಯಾಟರಿ ದೀಪ ಮಾತ್ರ ಇರಲಿ ಎಂದು ಮೊದಲೇ ಕೇಳಿಕೊಳ್ಳಿ. ಈ ಒಂದು ವಿಷಯದಲ್ಲಿ ಸಂಕೋಚ ಬೇಡ, ಹಟ ಹಿಡಿಯಿರಿ.

ಗಡ್ಡವನ್ನು ಅಂಟಿನಿಂದ ಹಚ್ಚದೆ ಇಲಾಸ್ಟಿಕ್ಕಿಗೆ ಹೊಲಿದು ಕಿವಿಗೆ ಸಿಕ್ಕಿಸಿ. ಕಂಪನಿ ನಾಟಕದ ಕಾಲದ ಅರದಾಳ ಮಕ್ಕಳ ಮುಖಕ್ಕೆ ಬೇಡವೇ ಬೇಡ, ಅದು ಆರ್ಸೆನಿಕ್ ಇರುವ ಖನಿಜ. ಕೆಲವು ಸಿಂಧೂರಗಳಲ್ಲಿ ಸೀಸ ಇರುತ್ತದೆ. ಯಾವ ಬಣ್ಣವಾದರೂ ಹಿಂದಿನ ದಿನವೇ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ನೋಡಿ. ಕೆಂಪಾದರೆ ಬಿಟ್ಟುಬಿಡಿ. ತೆಗೆಯುವಾಗ ಮೊದಲು ಕೊಬ್ಬರಿ ಎಣ್ಣೆ, ಆಮೇಲೆ ಸಾಬೂನು.

ತಾಲೀಮು ಮನೆಯಲ್ಲಿ

ಮಾತುಗಳನ್ನು ನೀವು ತಿದ್ದಬೇಡಿ. ಶಾಲೆಯಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಕಲಿತ ಮಗು ರಂಗದ ಮೇಲೆ ಎರಡನ್ನೂ ಮರೆಯುತ್ತದೆ. ಮಾತಿಲ್ಲದ ಪಾರ್ಟಿಗೂ ತಾಲೀಮು ಬೇಕು. ಮರ ಆದವನು ಐದು ನಿಮಿಷ ಕೈ ಎತ್ತಿ ನಿಲ್ಲುವುದು ಸುಲಭವೇ? ನೀವೂ ಪಕ್ಕದಲ್ಲಿ ಕೈ ಎತ್ತಿ ನಿಂತು ನೋಡಿ, ಎರಡನೇ ನಿಮಿಷಕ್ಕೆ ತೋಳು ಇಳಿಯುತ್ತದೆ. ಉಗ್ಗುವ ಮಗುವಿಗೆ ಮಾತು ಬೇಡ ಎಂದು ನೀವೇ ಹೋಗಿ ಹೇಳಬೇಡಿ. ಮೊದಲು ಮಗುವನ್ನೇ ಕೇಳಿ. ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕಾಗಿ ಪುಟ್ಟರಾಜ ಗವಾಯಿಗಳು ನಾಟಕ ಕಂಪನಿ ಕಟ್ಟಿ, ದೃಷ್ಟಿಯಿಲ್ಲದ ಕಲಾವಿದರನ್ನು ರಂಗಕ್ಕೆ ತಂದ ಜಿಲ್ಲೆ ಇದು.

ನಾಟಕದ ದಿನ

ಹೊತ್ತಿಗೆ ಮುಂಚೆ ಹೋಗಿ, ಕೊನೆಯವರೆಗೆ ಕೂಡಿ. ತಮ್ಮ ಮಗುವಿನ ದೃಶ್ಯ ಮುಗಿದ ಕೂಡಲೇ ಕುರ್ಚಿ ಸರಿಸಿ ಏಳುವವರ ಸಾಲು ಪ್ರತಿ ಗ್ಯಾದರಿಂಗಿನಲ್ಲೂ ಇದೆ. ಕೊನೆಯ ದೃಶ್ಯದ ಮಕ್ಕಳು ಖಾಲಿ ಕುರ್ಚಿಗಳಿಗೆ ಆಡುತ್ತಾರೆ. ನಡುವೆ ‘ಏ ವಿನ್ಯಾ, ಇಲ್ಲಿ ನೋಡೋ!’ ಎಂದು ಕೂಗಿದರೆ ಮಗು ನೋಡುತ್ತದೆ, ಮಾತು ಮರೆಯುತ್ತದೆ. ಮೊಬೈಲ್ ಹಿಡಿದು ರಂಗದ ಮುಂದೆ ನಿಂತವರಿಗಂತೂ ಹಿಂದೆ ಕೂತ ಆಯಿಯಂದಿರ ಶಾಪ ತಟ್ಟದೇ ಇರುವುದಿಲ್ಲ. ಒಂದಿಬ್ಬರು ವಿಡಿಯೋ ಮಾಡಿ ಎಲ್ಲರಿಗೂ ಕಳಿಸುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಜಾತ್ರೆಯ ನಾಟಕದಲ್ಲಿ ಆಟ ನಿಲ್ಲಿಸಿ ಆಯೇರಿ ಮಾಡುವುದು ನಮ್ಮ ರೂಢಿ. ದೊಡ್ಡವರಿಗೆ ಅದು ಗೌರವ. ಶಾಲೆಯಲ್ಲಿ ಬೇಡ. ಒಬ್ಬನ ಅಂಗಿಗೆ ನೂರರ ನೋಟು ಪಿನ್ನು ಮಾಡಿದರೆ ಪಕ್ಕದ ಮೂರು ಕುರಿಗಳ ಅಂಗಿ ಖಾಲಿ ಕಾಣುತ್ತದೆ. ಕೊಡಲೇಬೇಕೆನಿಸಿದರೆ ಎಲ್ಲ ಮಕ್ಕಳಿಗೂ ಬಾಳೆಹಣ್ಣೋ ಉಂಡಿಯೋ ತಂದು ಪರದೆಯ ಹಿಂದೆ ಹಂಚಿ.

ಮುಗಿದ ಮೇಲೆ ‘ಆ ಮಾತ ಯಾಕ ಬಿಟ್ಟಿ?’ ಎಂಬುದು ಆ ರಾತ್ರಿ ಬೇಡ. ನೀವು ಕಂಡ ಒಂದನ್ನು ಹೇಳಿ: ‘ಕಳದ ಹೋದ ಮ್ಯಾಲೆ ನೀ ಕಂಬದ ಹಿಂದ ಕುಂತಿದ್ದೆಲ್ಲ, ಆಗ ನನಗೂ ದಿಗಿಲಾತು ನೋಡು.’ ‘ಸೂಪರ್’ ಎಂಬುದಕ್ಕಿಂತ ಇದು ಅದಕ್ಕೆ ಹೆಚ್ಚು ಬೇಕು. ನೀವು ನಿಜವಾಗಿ ನೋಡಿದಿರಿ ಎಂದು ತಿಳಿಯುತ್ತದೆ.

ಶಿಕ್ಷಕರಿಗೆ

ಪಾರ್ಟು ಹಂಚುವ ಮುನ್ನ ಎಲ್ಲ ಮಕ್ಕಳಿಗೂ ಎಲ್ಲ ಪಾರ್ಟು ಒಮ್ಮೆ ಓದಿಸಿ. ದೊಡ್ಡ ಪಾರ್ಟಿಗೆ ಹೆಚ್ಚು ಜನ ಬಂದರೆ ಚೀಟಿ ಎತ್ತಿ, ಎಲ್ಲರ ಎದುರಿಗೇ. ಒಬ್ಬಳೇ ಮೇರಿ ಯಾಕಿರಬೇಕು? ಮೊದಲ ದೃಶ್ಯಕ್ಕೆ ಒಬ್ಬಳು, ಗೋದಲಿಯ ದೃಶ್ಯಕ್ಕೆ ಇನ್ನೊಬ್ಬಳು ಇರಲಿ. ನೀಲಿ ಹೊದಿಕೆ ಅದೇ ಇದ್ದರೆ ನೋಡುವವರಿಗೆ ಗೊಂದಲವಾಗದು. ಗ್ಯಾದರಿಂಗಿಗೆ ನಾಟಕ ಆರಿಸುವಾಗ ಗುಂಪಿಗೇ ಜೀವವಿರುವಂಥದ್ದನ್ನು ಹುಡುಕಿ. ಕುವೆಂಪು ಅವರ ಕಿಂದರಿಜೋಗಿಯನ್ನು ರಂಗಕ್ಕೆ ತಂದರೆ ಇಲಿಗಳು ಎಷ್ಟಿದ್ದರೂ ಸಾಲದು. ಎಚ್.ಎಸ್. ವೆಂಕಟೇಶಮೂರ್ತಿ ಅವರ ‘ಅಳಿಲು ರಾಮಾಯಣ’ವೂ ಇದೆ.

ತಾಲೀಮಿನ ದಿನಗಳನ್ನು ಗೊತ್ತುಮಾಡುವಾಗ ಪಂಚಾಂಗವನ್ನೊಮ್ಮೆ ನೋಡಿ. ಎಳ್ಳಮವಾಸ್ಯೆಯ ದಿನ ಚರಗ ಚೆಲ್ಲಲು ಅರ್ಧ ಶಾಲೆ ಹೊಲದಲ್ಲಿರುತ್ತದೆ. ಆ ದಿನ ಬರದವರ ಪಾರ್ಟು ಕಿತ್ತು ಬೇರೆಯವರಿಗೆ ಕೊಟ್ಟು, ಅದರ ಮರುದಿನ ಪಾಲಕರ ದಂಡು ಬಾಗಿಲಿಗೆ ಬಂದರೆ ತಪ್ಪು ಪಾಲಕರದ್ದಲ್ಲ.