ಸಾಯುವ ಕೋಶದ ಕಂದು ಗುರುತು

ಜೀವಕೋಶ ತನ್ನನ್ನು ತಾನೇ ಕ್ರಮವಾಗಿ ಕಳಚಿಕೊಂಡು ಸಾಯುವ ಬಗೆಗೆ ಅಪಾಪ್ಟೋಸಿಸ್ ಎಂದು ಹೆಸರು. ಮರದಿಂದ ಎಲೆ ಉದುರುವುದನ್ನು ಹೇಳುವ ಈ ಗ್ರೀಕ್ ಪದವನ್ನು ಕೆರ್, ವೈಲಿ, ಕರಿ ಎಂಬ ಮೂವರು 1972ರಲ್ಲಿ ಬಳಕೆಗೆ ತಂದರು. ಅವರು ಗುರುತು ಹಿಡಿದದ್ದು ಕೋಶದ ರೂಪ ನೋಡಿ: ಕುಗ್ಗಿದ ಕೋಶ, ಉಂಡೆಗಟ್ಟಿದ ನ್ಯೂಕ್ಲಿಯಸ್, ಚೂರುಚೂರಾದ ದೇಹ. ಪ್ರತಿಕಾಯಗಳು ಬಂದಮೇಲೂ ಈ ಕಣ್ಣಿನ ಕೆಲಸ ತಪ್ಪಿಲ್ಲ.

ಅಂಗಾಂಶದಲ್ಲಿ ಇಂಥ ಕೋಶ ಹುಡುಕಲು ಹೆಚ್ಚು ಬಳಕೆಯಲ್ಲಿರುವುದು ಸೀಳಿದ ಕ್ಯಾಸ್ಪೇಸ್-3 ಎಂಬ ಕಿಣ್ವಕ್ಕೆ ಅಂಟುವ ಪ್ರತಿಕಾಯ; ಅದು ಅಂಟಿದಲ್ಲಿ ಡಿಎಬಿ ಎಂಬ ಕಂದು ಬಣ್ಣ ಮೂಡುತ್ತದೆ. ಕ್ಯಾಸ್ಪೇಸ್-3 ಆರೋಗ್ಯವಂತ ಕೋಶದಲ್ಲೂ ನಿಷ್ಕ್ರಿಯವಾಗಿ ಇರುತ್ತದೆ. ಸಾವಿನ ಸಂಕೇತ ಬಂದಾಗ 175ನೇ ಸ್ಥಾನದ ಆಸ್ಪಾರ್ಟೇಟ್ ಪಕ್ಕದಲ್ಲಿ ತುಂಡಾಗಿ ಕೆಲಸಕ್ಕಿಳಿಯುತ್ತದೆ. ಆ ತುಂಡಾದ ತುದಿಯನ್ನು ಮಾತ್ರ ಹಿಡಿಯುವ ಪ್ರತಿಕಾಯ ಬೇಕು. ಹೆಸರಿನಲ್ಲಿ ಕ್ಯಾಸ್ಪೇಸ್-3 ಎಂದಷ್ಟೇ ನೋಡಿ ತರಿಸಿದ ಬಾಟಲಿ ಇಡೀ ಸ್ಲೈಡನ್ನು ಕಂದು ಮಾಡಿ ಕೂರಿಸಿದ್ದು ಈ ಲೇಖಕರ ಮೊದಲ ಪಾಠ. ಅದು ಸೀಳದ ರೂಪವನ್ನೂ ಹಿಡಿಯುತ್ತಿತ್ತು. ಬದುಕಿದ ಕೋಶಗಳೆಲ್ಲ ಸಾಯುತ್ತಿರುವಂತೆ ಕಂಡವು.

ಸೋಲು ಬಹುಪಾಲು ಪ್ರತಿಕಾಯ ಸ್ಲೈಡಿಗೆ ತಾಗುವ ಮೊದಲೇ ಆಗಿಹೋಗಿರುತ್ತದೆ. ದೇಹದಿಂದ ತೆಗೆದ ತುಂಡು ಫಾರ್ಮಾಲಿನ್‌ಗೆ ಬೀಳುವುದು ತಡವಾದರೆ ಕೋಶಗಳು ತಮ್ಮಷ್ಟಕ್ಕೆ ಕೊಳೆಯತೊಡಗುತ್ತವೆ. ದಿನಗಟ್ಟಲೆ ಅದರಲ್ಲೇ ನೆನೆದರೆ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು, ಪ್ರತಿಕಾಯ ಹುಡುಕುವ ಜಾಗ ಮುಚ್ಚಿಹೋಗುತ್ತದೆ. ಆ ಹೆಣಿಗೆ ಬಿಡಿಸಲೆಂದೇ ಅಂಗಾಂಶ ಹುದುಗಿಸಿದ್ದ ಪ್ಯಾರಾಫಿನ್ ಮೇಣ ತೆಗೆದ ಸ್ಲೈಡನ್ನು ಪಿಎಚ್ 6ರ ಸಿಟ್ರೇಟ್ ದ್ರಾವಣದಲ್ಲೋ ಪಿಎಚ್ 9ರ ಇಡಿಟಿಎ ದ್ರಾವಣದಲ್ಲೋ ಕುದಿಯುವಷ್ಟು ಬಿಸಿಯಲ್ಲಿ ಇಡುತ್ತಾರೆ. ಯಾವುದು ಒಗ್ಗುತ್ತದೆ ಎಂಬುದು ಪ್ರತಿಕಾಯವನ್ನು ಅವಲಂಬಿಸಿದೆ. ಮುಂದಿನ ಯಾವ ಹಂತದಲ್ಲೂ ಸ್ಲೈಡ್ ಒಣಗಬಾರದು. ಒಣಗಿದ ಅಂಚು ಕಂದಾಗಿ ಮೋಸ ಮಾಡುತ್ತದೆ.

ಮೋಸ ಮಾಡುವ ಕಂದು ಇನ್ನೂ ಇದೆ. ಕೆಂಪು ರಕ್ತಕಣಗಳು ಮತ್ತು ಕೆಲವು ಬಿಳಿ ರಕ್ತಕಣಗಳ ಪೆರಾಕ್ಸಿಡೇಸ್ ಗುಣ ಡಿಎಬಿ ಬಣ್ಣವನ್ನು ತಾನೇ ಮೂಡಿಸುತ್ತದೆ. ಹೈಡ್ರೋಜನ್ ಪೆರಾಕ್ಸೈಡಿನಿಂದ ಅದನ್ನು ಮೊದಲೇ ಅಡಗಿಸಬೇಕು. ಮೆಲನಿನ್, ಲಿಪೊಫ್ಯೂಸಿನ್‌ಗಳು ಹುಟ್ಟಾ ಕಂದು. ನೆಕ್ರೋಸಿಸ್‌ಗೆ (ಕ್ರಮವಿಲ್ಲದ ಕೋಶಸಾವಿಗೆ) ತುತ್ತಾದ ಭಾಗವಂತೂ ಸ್ಪಂಜಿನಂತೆ ಸಿಕ್ಕ ಪ್ರತಿಕಾಯವನ್ನೆಲ್ಲ ಹೀರುತ್ತದೆ. ಪ್ರಾಥಮಿಕ ಪ್ರತಿಕಾಯ, ಎಂದರೆ ಗುರಿಯನ್ನು ಹಿಡಿಯುವ ಪ್ರತಿಕಾಯ, ಹಾಕದ ಒಂದು ಸ್ಲೈಡ್ ಜೊತೆಗಿದ್ದರೆ ಇವುಗಳಲ್ಲಿ ಕೆಲವು ಅಲ್ಲೇ ಸಿಕ್ಕಿಬೀಳುತ್ತವೆ; ನೆಕ್ರೋಸಿಸ್ ಸಿಕ್ಕುವುದು ಕೋಶದ ರೂಪ ನೋಡಿದರೆ ಮಾತ್ರ.

ಪ್ರತಿಕಾಯ ಕೆಲಸ ಮಾಡಿದೆಯೇ ಎಂದು ನೋಡಲು ಜೊತೆಗಿಡುವ ಇನ್ನೊಂದು ಸ್ಲೈಡ್ ಟಾನ್ಸಿಲ್‌ನದು. ಅದರ ಜರ್ಮಿನಲ್ ಸೆಂಟರ್‌ಗಳಲ್ಲಿ ಬಿ ಕೋಶಗಳು ಸದಾ ಸಾಯುತ್ತಲೇ ಇರುತ್ತವೆ, ಸತ್ತ ಚೂರುಗಳನ್ನು ನುಂಗಿದ ಮ್ಯಾಕ್ರೋಫೇಜುಗಳೂ ಅಲ್ಲೇ ಕಾಣುತ್ತವೆ. ಅದೇ ದಿನ, ಅದೇ ದ್ರಾವಣಗಳಲ್ಲಿ ಟಾನ್ಸಿಲ್ ಬಣ್ಣ ಹಿಡಿಯದಿದ್ದರೆ, ಪರೀಕ್ಷಿಸುತ್ತಿರುವ ಗೆಡ್ಡೆಯ ಖಾಲಿ ಸ್ಲೈಡಿಗೆ ಅರ್ಥವಿಲ್ಲ.

ಟಾನ್ಸಿಲ್ ಹಿಡಿದು, ಮಾದರಿ ಖಾಲಿ ಉಳಿದರೂ ಅವಸರ ಬೇಡ. ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಸಂತತಿಯಲ್ಲಿ ಕ್ಯಾಸ್ಪೇಸ್-3 ಇಲ್ಲವೇ ಇಲ್ಲ. ಅದು ಸತ್ತರೂ ಈ ಪ್ರತಿಕಾಯಕ್ಕೆ ತಿಳಿಯದು. ಎಪಿಥೀಲಿಯಂ ಮೂಲದ ಗೆಡ್ಡೆಗಳಲ್ಲಿ ಸೀಳಿದ ಸೈಟೊಕೆರಟಿನ್-18 ಹಿಡಿಯುವ ಎಂ30 ನೆರವಾಗುತ್ತದೆ. ಟ್ಯೂನೆಲ್ ಮುರಿದ ಡಿಎನ್‌ಎ ತುದಿಗಳನ್ನು ಕಿಣ್ವದಿಂದ ಗುರುತಿಸುವ, 1992ರ ವಿಧಾನ. ನೆಕ್ರೋಸಿಸ್‌ನಲ್ಲೂ ತುದಿಗಳು ಮುರಿಯುವುದರಿಂದ ಅದೊಂದನ್ನೇ ನಂಬುವಂತಿಲ್ಲ.

ಎಣಿಕೆಯಲ್ಲಿ ಹೊಸಬರು ನಿರಾಶರಾಗುವುದುಂಟು. ಸಾಯುವ ಕೋಶವನ್ನು ನೆರೆಕೋಶಗಳು ಕೆಲವೇ ಗಂಟೆಗಳಲ್ಲಿ ನುಂಗಿ ಮುಗಿಸುವುದರಿಂದ ಒಂದು ನೋಟದಲ್ಲಿ ಎರಡೋ ಮೂರೋ ಕಂದು ಕೋಶ ಕಂಡರೂ ಅಂಗಾಂಶ ಬಹಳ ಕೋಶ ಕಳೆದುಕೊಳ್ಳುತ್ತಿರಬಹುದು. ಆದ್ದರಿಂದ ಚೆನ್ನಾಗಿ ಬಣ್ಣ ಕಂಡಲ್ಲಿ ಮಾತ್ರ ನೋಡದೆ, ಮೊದಲೇ ಗೊತ್ತುಮಾಡಿದ ಜಾಗಗಳಲ್ಲಿ ಎಣಿಸಿ, ಸಾವಿರ ಕೋಶಕ್ಕೆ ಇಷ್ಟು ಎಂದು ಬರೆಯಬೇಕು. ಎಣಿಸುವವರಿಗೆ ಸ್ಲೈಡ್ ಯಾವ ಗುಂಪಿನದೆಂದು ಗೊತ್ತಿರಬಾರದು. ಸಂಖ್ಯೆಯ ಚೀಟಿ ಅಂಟಿಸುವ ಕೆಲಸ ಇನ್ನೊಬ್ಬರದು.